ಹಡಗಿನ ಚಿತ್ರದಲ್ಲಿ ಕಾಣದವರು

ಚಿತ್ರಪುಸ್ತಕವೊಂದಿದ್ದರೆ ಮಕ್ಕಳಿಗೆ ಇತಿಹಾಸ ಹೇಳುವುದು ಸುಲಭವೆಂದು ನಾನು ಬಹುಕಾಲ ನಂಬಿದ್ದೆ. ಬೆಳಗಾವಿಯ ಉದ್ಯಮಬಾಗದಲ್ಲಿ, ಎರಕದ ಕಾರ್ಖಾನೆಗಳಿಗೆ ಖಾನಾಪುರದ ಕಡೆಯಿಂದ ದುಡಿಯಲು ಬಂದವರ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ಆ ನಂಬಿಕೆ ಸಡಿಲವಾಯಿತು.

ಪೋರ್ಚುಗೀಸರ ಆಗಮನದ ಪಾಠಕ್ಕಾಗಿ ನಾನೇ ಒಂದು ಚಿತ್ರಪುಸ್ತಕ ಸಿದ್ಧಪಡಿಸಿದ್ದೆ. ಮೊದಲ ಪುಟದಲ್ಲಿ 1498ರಲ್ಲಿ ಕಲ್ಲಿಕೋಟೆಯ ತೀರಕ್ಕೆ ಬಂದ ವಾಸ್ಕೋ ಡ ಗಾಮನ ಹಡಗು. ಮುಂದೆ, 1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಗೆದ್ದುಕೊಂಡ ಅಲ್ಬುಕರ್ಕ. ಹಾಯಿಪಟಗಳಿಗೆ ಅಕ್ಕರೆಯಿಂದ ಬಣ್ಣ ತುಂಬಿದ್ದೆ. ದಡದ ಜನ ಮಾತ್ರ ಬರಿಯ ಚುಕ್ಕೆಗಳಾಗಿದ್ದರು.

ಖಾನಾಪುರದ ಕಾಡಂಚಿನ ಸಿದ್ದಿ ಹುಡುಗನೊಬ್ಬ ಪುಟಗಳನ್ನೆಲ್ಲ ತಿರುವಿ, “ಸರ್, ಇದರಾಗ ನಮ್ಮ ಮಂದಿ ಎಲ್ಲಿ ಅದಾರ್ರೀ?” ಎಂದು ಕೇಳಿದ. ನಾನು ನಿರುತ್ತರನಾದೆ.

ಸಿದ್ದಿಗಳ ಪೂರ್ವಿಕರು ಆಫ್ರಿಕದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಮೊಜಾಂಬಿಕ್ ಮೊದಲಾದ ಕಡೆಗಳಿಂದ ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಘಟ್ಟವೇರಿ ಯಲ್ಲಾಪುರ, ಹಳಿಯಾಳ, ಖಾನಾಪುರಗಳ ಕಾಡು ಸೇರಿದರು. ನಾನು ಬಣ್ಣ ಬಳಿದದ್ದು ಹಾಯಿಗೆ. ಇಂತಹ ಹಡಗುಗಳ ಒಡಲಲ್ಲಿ ಬಂದವರ ಸುದ್ದಿಯನ್ನೇ ಎತ್ತಿರಲಿಲ್ಲ.

ದಡದ ಜನರೂ ಒಂದೇ ಮನಸ್ಸಿನವರಾಗಿರಲಿಲ್ಲ. ಗೋವೆಯ ಮೇಲೆ ಬೀಳುವಂತೆ ಅಲ್ಬುಕರ್ಕನನ್ನು ಪ್ರೇರಿಸಿ ನೆರವಾದವನು ಹೊನ್ನಾವರದ ತಿಮ್ಮಯ್ಯ. ಊರು ಕೈವಶವಾದ ಮೇಲೆ ಅಲ್ಲಿನ ಮುಸಲ್ಮಾನರ ಕಗ್ಗೊಲೆಯಾಯಿತು. ಅಮೆರಿಕದ ಕಥೆಯೂ ಹೀಗೆಯೇ. 1492ರಲ್ಲಿ ಕೊಲಂಬಸ್ ಹೊಸ ನಾಡನ್ನು ಕಂಡುಹಿಡಿದನೆಂದು ನಾವು ಬಾಯಿಪಾಠ ಮಾಡಿಸಿದೆವು. ಅಲ್ಲಿ ಬೇಸಾಯ ಮಾಡಿಕೊಂಡಿದ್ದ ಟೈನೋ ಜನರ ಹೆಸರನ್ನೂ ಹೇಳಲಿಲ್ಲ.

ಹಾಗೆಂದು ಸಂಕೋಲೆಯ ಚಿತ್ರವೊಂದನ್ನೇ ತೋರಿಸಿದರೆ ಅದು ಇನ್ನೊಂದು ಅನ್ಯಾಯ. ತರಗತಿಯ ಎದುರಿನಲ್ಲಿ ಆ ಹುಡುಗ ತಲೆ ತಗ್ಗಿಸಿ ಕೂಡಬೇಕಾದೀತು. ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಡಮಾಮಿ ಕುಣಿತವಿದೆ. ಹಳೆಯ ಬಟ್ಟೆಯ ತುಂಡುಗಳಿಂದ ಹೆಂಗಸರು ಹೊಲಿಯುವ ಕೌದಿಗಳಿವೆ. ಅವುಗಳ ಮೂಲೆಗಳಿಗೆ ‘ಫೂಲ’ ಕೂಡಿಸದಿದ್ದರೆ ಕೌದಿ ಪೂರ್ತಿಯಾಗದೆಂಬುದು ಅವರ ಭಾವನೆ.

ನನ್ನ ಪುಸ್ತಕವೂ ಪೂರ್ತಿಯಾಗಿರಲಿಲ್ಲ. ಮರುವರ್ಷ ನಾಲ್ಕು ಪುಟ ಸೇರಿಸಿದೆ. ಹಡಗಿನ ಒಡಲನ್ನು ನಾನು ಬರೆದೆ. ಘಟ್ಟವೇರುವ ಜನರನ್ನು ಆ ಹುಡುಗನೇ ಬರೆದ. ಎಲ್ಲರಿಗಿಂತ ಮುಂದೆ ಒಬ್ಬ ಮುದುಕಿ, ಹೆಗಲ ಮೇಲೆ ಕೌದಿ. ಯಾರೆಂದು ಕೇಳಿದೆ. “ನಮ್ಮ ಅಜ್ಜಿರೀ” ಎಂದ.

ಕಾಲಗಣನೆಯ ದೃಷ್ಟಿಯಿಂದ ಅದು ತಪ್ಪು. ನಾನು ತಿದ್ದಲಿಲ್ಲ.