ಸರ್ಫರ್ ಕಿವಿ: ಎಲುಬುಗಂಟಿನ ಮತ್ತು ಅದರ ತಡೆಯ ಚರಿತ್ರೆ

ತಣ್ಣನೆಯ ಕಡಲಲ್ಲಿ ವರ್ಷಗಟ್ಟಲೆ ಅಲೆಸವಾರಿ ಮಾಡುವವರ, ಈಜುವವರ, ಮುಳುಗು ಹಾಕುವವರ ಕಿವಿನಾಳದ ಒಳಗೋಡೆಯಲ್ಲಿ ಎಲುಬು ನಿಧಾನವಾಗಿ ಉಬ್ಬಿ ದಾರಿ ಕಿರಿದಾಗುವ ಸ್ಥಿತಿಗೆ ಸರ್ಫರ್ ಕಿವಿ ಎಂದು ಹೆಸರು. ವೈದ್ಯರು ಈ ಉಬ್ಬನ್ನು ಎಕ್ಸಾಸ್ಟೋಸಿಸ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಬಹುಕಾಲ ನೋವೂ ಇರುವುದಿಲ್ಲ. ದಾರಿ ಬಹುಪಾಲು ಮುಚ್ಚಿದ ಮೇಲೆ ತೊಂದರೆ ಶುರು: ಒಳಹೊಕ್ಕ ನೀರು ಹೊರಬರದು, ಗುಗ್ಗೆ ಕಟ್ಟಿಕೊಳ್ಳುತ್ತದೆ, ಮೇಲಿಂದ ಮೇಲೆ ಸೋಂಕು ತಗಲುತ್ತದೆ, ಕಿವಿ ಮಂದವಾಗುತ್ತದೆ.

ಹಳೆಯ ಬರಹಗಳನ್ನು ಓದುವವರು ಮೊದಲು ಒಂದು ಗೋಜಲನ್ನು ಬಿಡಿಸಿಕೊಳ್ಳಬೇಕು. ಈಜುಗಾರರ ಕಿವಿ ಎಂದು ಕರೆಯುವುದು ನಾಳದ ಚರ್ಮಕ್ಕೆ ತಗಲುವ ಸೋಂಕನ್ನು. ಬ್ಯಾಕ್ಟೀರಿಯಾದಿಂದ ಬರುವ ಅದು ಬೆಚ್ಚನೆಯ ಕೊಳದಲ್ಲಿ ಈಜಿದವರಿಗೂ ಬರುತ್ತದೆ, ಹನಿಮದ್ದಿಗೆ ಹೋಗುತ್ತದೆ. ಸರ್ಫರ್ ಕಿವಿಯದು ಎಲುಬಿನ ವಿಷಯ, ಯಾವ ಹನಿಯೂ ಅದನ್ನು ಕರಗಿಸದು. ಮೂರನೆಯದು ಆಸ್ಟಿಯೋಮಾ: ಸಾಮಾನ್ಯವಾಗಿ ಒಂದೇ ಕಿವಿಯಲ್ಲಿ, ತೊಟ್ಟಿನಿಂದ ತೂಗಿದಂತೆ ಬೆಳೆಯುವ ಒಂಟಿ ಗಂಟು. ಎಕ್ಸಾಸ್ಟೋಸಿಸ್ ಎರಡೂ ಕಿವಿಗಳಲ್ಲಿ, ಅಗಲ ಬುಡದ ಹಲವು ಉಬ್ಬುಗಳಾಗಿ ಬರುತ್ತದೆ. ಬ್ರಿಟಿಷ್ ಶಸ್ತ್ರವೈದ್ಯ ಹ್ಯಾರಿಸನ್ ಈಜಿಗೂ ಈ ಉಬ್ಬುಗಳಿಗೂ ಇರುವ ನಂಟಿನ ಬಗ್ಗೆ 1962ರಲ್ಲಿ ಪ್ರಕಟಿಸಿದ ಮುಖ್ಯ ಲೇಖನದ ಶೀರ್ಷಿಕೆಯಲ್ಲೇ ಇವುಗಳನ್ನು ಆಸ್ಟಿಯೋಮಾ ಎಂದು ಕರೆದಿದ್ದಾರೆ. ಹಾಗಾಗಿ ಹಳೆಯ ಅಂಕಿಅಂಶಗಳಲ್ಲಿ ಎರಡೂ ಬೆರೆತಿರುವ ಸಾಧ್ಯತೆಯನ್ನು ಮರೆಯುವಂತಿಲ್ಲ.

ಉಬ್ಬು ಬೆಳೆಯುವ ಬಗೆಯಲ್ಲಿ ಹೆಚ್ಚು ವಿವಾದವಿಲ್ಲ. ಕಿವಿನಾಳದ ಒಳಭಾಗಕ್ಕೆ ಎಲುಬಿನ ಗೋಡೆಯಿದೆ. ಅಲ್ಲಿ ಚರ್ಮ ಬಹಳ ತೆಳು; ಕೆಳಗೆ ಕೊಬ್ಬಿನ ಮೆತ್ತೆಯಿಲ್ಲ, ನೇರವಾಗಿ ಎಲುಬಿನ ಹೊದಿಕೆಗೆ ಅಂಟಿಕೊಂಡಿರುತ್ತದೆ. ತಣ್ಣೀರು ತಗಲಿದಾಗ ರಕ್ತನಾಳಗಳು ಕುಗ್ಗಿ, ಆಮೇಲೆ ಹಿಗ್ಗಿ, ರಕ್ತ ನುಗ್ಗಿಬರುತ್ತದೆ. ಇದು ನೂರಾರು ಸಲ ಮರುಕಳಿಸಿದಾಗ ಹೊದಿಕೆ ಕೆರಳಿ ಪದರದ ಮೇಲೆ ಪದರವಾಗಿ ಹೊಸ ಎಲುಬು ಕಟ್ಟುತ್ತದೆ. ಗಾಳಿ ಬೀಸಿ ನೀರು ಆವಿಯಾಗುವಾಗ ಆಗುವ ತಂಪೂ ಇದಕ್ಕೆ ಸೇರುತ್ತದೆ.

ತಣ್ಣೀರೇ ಕಾರಣ ಎಂಬ ತೀರ್ಮಾನಕ್ಕೆ ಬರಲು ಮಾತ್ರ ಮುಕ್ಕಾಲು ಶತಮಾನ ಹಿಡಿಯಿತು. ಈ ಚರ್ಚೆ ಶುರುವಾದದ್ದು ರೋಗಿಗಳಿಂದಲ್ಲ, ತಲೆಬುರುಡೆಗಳಿಂದ. 1864ರಲ್ಲಿ ಜೆಲಿಗ್‌ಮನ್ ಪೆರುವಿನ ಪ್ರಾಚೀನ ಬುರುಡೆಗಳ ಕಿವಿಯಲ್ಲಿ ಉಬ್ಬುಗಳನ್ನು ಕಂಡು ವರದಿ ಮಾಡಿದರು. ಅದೇ ವರ್ಷ ವೆಲ್ಕರ್ ಕೂಡ ಇದೇ ವಿಷಯ ಬರೆದರು. ಪೆರುವಿನಲ್ಲಿ ಮಕ್ಕಳ ತಲೆಗೆ ಬಿಗಿಯಾಗಿ ಪಟ್ಟಿ ಕಟ್ಟಿ ಆಕಾರ ಬದಲಿಸುವ ರೂಢಿಯಿತ್ತು, ಹಾಗಾಗಿ ಆ ಒತ್ತಡವೇ ಕಾರಣವಿರಬೇಕು ಎಂದು ಕೆಲವರು ಊಹಿಸಿದರು. ಜೀವಂತ ರೋಗಿಗಳನ್ನು ನೋಡುತ್ತಿದ್ದ ಲಂಡನ್ನಿನ ಕಿವಿವೈದ್ಯ ಜೋಸೆಫ್ ಟಾಯ್ನ್‌ಬಿ ಸಂಧಿವಾತದ ಪ್ರಕೃತಿಯತ್ತ ಬೊಟ್ಟು ಮಾಡಿದ್ದರು; ಬೇರೆಯವರು ಸಿಫಿಲಿಸ್ ಎಂದರು. ಆ ಕಾಲದಲ್ಲಿ ಕಾರಣ ತಿಳಿಯದ ಎಷ್ಟೋ ರೋಗಗಳು ಕೊನೆಗೆ ಬಂದು ಸೇರುತ್ತಿದ್ದದ್ದು ಈ ಎರಡರ ಖಾತೆಗೇ. ಸಮುದ್ರಸ್ನಾನಕ್ಕೂ ಉಬ್ಬಿಗೂ ನಂಟಿದೆ ಎಂದು 19ನೆಯ ಶತಮಾನದ ಕೊನೆಯಲ್ಲಿ ಕೆಲವು ಇಂಗ್ಲಿಷ್ ವೈದ್ಯರು ಹೇಳಿದ್ದುಂಟು, ಆದರೆ ಆ ಮಾತು ಬೇರೂರಲಿಲ್ಲ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಅಲೆಶ್ ಹರ್ಡ್ಲಿಚ್ಕಾ 1935ರಲ್ಲಿ ಸಾವಿರಾರು ಬುರುಡೆಗಳನ್ನು ಪರಿಶೀಲಿಸಿ ದೊಡ್ಡ ಗ್ರಂಥವನ್ನೇ ಬರೆದರು. ಹುಟ್ಟಿನಿಂದ ಬಂದ ಒಲವಿಗೂ ಅದರಲ್ಲಿ ಜಾಗವಿತ್ತು.

1938ರಲ್ಲಿ ಡಚ್ ವೈದ್ಯ ವಾನ್ ಗಿಲ್ಸೆ ತಣ್ಣೀರಿನಲ್ಲಿ ಈಜುವವರ ಕಿವಿಗಳನ್ನು ಗಮನಿಸಿ, ದೋಷ ನೀರಿನದಲ್ಲ, ನೀರಿನ ತಂಪಿನದು ಎಂದು ಬರೆದರು. 1942ರಲ್ಲಿ ಅಮೆರಿಕದ ಫೌಲರ್ ಮತ್ತು ಓಸ್ಮನ್ ಗಿನಿಯಿಲಿಗಳ ಕಿವಿಗೆ ತಣ್ಣೀರು ಹಾಯಿಸುತ್ತ ಹೋಗಿ, ನಾಳದಲ್ಲಿ ಹೊಸ ಎಲುಬು ಮೂಡಿದ್ದನ್ನು ತೋರಿಸಿದರು. ಪ್ರಯೋಗ ಚಿಕ್ಕದು, ಆದರೆ ತೂಕದ್ದು. ಬುರುಡೆಯ ಕಿವಿಯಲ್ಲಿ ಉಬ್ಬು ಕಂಡರೆ ಆ ಮನುಷ್ಯ ನೀರಿನಲ್ಲಿ ದುಡಿದವನಿರಬಹುದು ಎನ್ನಲು ಪುರಾತತ್ತ್ವಜ್ಞರಿಗೆ ಮುಂದೆ ದಾರಿಯಾದದ್ದು ಈ ಕೆಲಸದಿಂದಲೇ.

ಆ ದಾರಿಯನ್ನು ಅಗಲ ಮಾಡಿದವರು ಮಾನವಶಾಸ್ತ್ರಜ್ಞೆ ಗೇಲ್ ಕೆನಡಿ. ಅವರ 1986ರ ಅಧ್ಯಯನ ಜಗತ್ತಿನ ಬುರುಡೆಗಳನ್ನು ಅಕ್ಷಾಂಶದ ಪ್ರಕಾರ ಹೊಂದಿಸಿತು. ಸಮಭಾಜಕದ ಬೆಚ್ಚನೆಯ ವಲಯದಲ್ಲಿ ಉಬ್ಬು ಕಡಿಮೆ. 30ರಿಂದ 45 ಡಿಗ್ರಿ ಅಕ್ಷಾಂಶದ ನಡುವೆ ಹೆಚ್ಚು. ಅದಕ್ಕೂ ಆಚೆ ಮತ್ತೆ ಕಡಿಮೆ, ಏಕೆಂದರೆ ಅಲ್ಲಿನ ನೀರಿಗೆ ಜನ ಇಳಿಯುತ್ತಿದ್ದದ್ದು ಅಪರೂಪ. 19 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ನೀರು ಎಂಬ ಗಡಿ ಈ ವಿಷಯದ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಉತ್ತರ ಚಿಲಿಯಲ್ಲಿ ಸ್ಟಾಂಡನ್, ಅರ್ರಿಯಾಸಾ ಮತ್ತು ಸಾಂತೋರೊ 1,149 ಬುರುಡೆಗಳನ್ನು ನೋಡಿ 1997ರಲ್ಲಿ ಕೊಟ್ಟ ಲೆಕ್ಕ ಇದಕ್ಕೆ ಬಲ ತುಂಬಿತು: ಕರಾವಳಿಯವರಲ್ಲಿ ನೂರಕ್ಕೆ 30.7, ಕಣಿವೆಯವರಲ್ಲಿ 2.3, ಎತ್ತರದ ಬೆಟ್ಟನಾಡಿನವರಲ್ಲಿ ಸೊನ್ನೆ.

ಆದರೆ ಎಲ್ಲ ಕಡೆಯ ಲೆಕ್ಕವೂ ಇಷ್ಟು ಸಲೀಸಾಗಿ ಕೂಡಿಬರುವುದಿಲ್ಲ. ಪ್ರಾಚೀನ ರೋಮಿನ ಬಂದರಿನ ಬಳಿಯ ಇಸೋಲಾ ಸಾಕ್ರಾ ಸ್ಮಶಾನದಲ್ಲಿ ಉಬ್ಬು ಕಂಡದ್ದು ಗಂಡಸರಲ್ಲಿ. ಮಾಂಜಿ ಮತ್ತು ಸಂಗಡಿಗರು 1991ರಲ್ಲಿ ಇದನ್ನು ಸಾರ್ವಜನಿಕ ಸ್ನಾನಗೃಹಗಳ ತಣ್ಣೀರ ಕೊಳಕ್ಕೆ ಜೋಡಿಸಿದರು. ಅದು ಅನುಕೂಲಸ್ಥರ ಅಭ್ಯಾಸದ ಗುರುತು ಎಂಬುದು ಅವರ ವಾದ. 2010ರಲ್ಲಿ ಇನ್ನೊಂದು ತಂಡ ಅದೇ ಸ್ಮಶಾನದ ಮತ್ತು ಇಟಲಿಯ ಇನ್ನೊಂದು ಕರಾವಳಿ ನೆಲೆ ವೇಲಿಯಾದ ಎಲುಬುಗಳಲ್ಲಿ ಇಂಗಾಲ, ಸಾರಜನಕಗಳ ಸಮಸ್ಥಾನಿಗಳನ್ನು ಅಳೆದು, ಉಬ್ಬನ್ನು ಊಟದ ಜೊತೆ ಹೋಲಿಸಿ, ನೀರಿಗೆ ಸಂಬಂಧಿಸಿದ ಕಸುಬುಗಳ ಕಡೆ ಚರ್ಚೆಯನ್ನು ತಿರುಗಿಸಿತು. ಒಂದೇ ಉಬ್ಬನ್ನು ಒಬ್ಬರು ವಿಲಾಸದ ಗುರುತೆಂದೂ ಇನ್ನೊಬ್ಬರು ದುಡಿಮೆಯ ಗುರುತೆಂದೂ ಓದುವಾಗ ತೀರ್ಪು ಕೊಡುವುದು ಸುಲಭವಲ್ಲ.

ಪನಾಮಾ ಉಷ್ಣವಲಯದಲ್ಲಿದೆ, ಕೆನಡಿಯವರ ಲೆಕ್ಕದಲ್ಲಿ ಅಲ್ಲಿ ಉಬ್ಬು ಅಪರೂಪವಾಗಿರಬೇಕು. ಸ್ಮಿತ್-ಗುಸ್ಮಾನ್ ಮತ್ತು ಕುಕ್ 2019ರಲ್ಲಿ ಕೊಲಂಬಸ್‌ಗಿಂತ ಹಿಂದಿನ 125 ಮಂದಿಯ ಬುರುಡೆಗಳನ್ನು ನೋಡಿದಾಗ ಏಳು ಗಂಡಸರಲ್ಲಿ, ಒಬ್ಬ ಹೆಂಗಸಿನಲ್ಲಿ ಉಬ್ಬು ಸಿಕ್ಕಿತು. ಪನಾಮಾ ಕೊಲ್ಲಿಯಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಗಾಳಿಯ ಸೆಳೆತಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಮುತ್ತು, ಚಿಪ್ಪುಗಳಿಗಾಗಿ ಮುಳುಗುತ್ತಿದ್ದವರಿಗೆ ಅದು ತಗಲಿರಬೇಕು ಎಂಬುದು ಅವರ ವಿವರಣೆ. ಬ್ರೆಜಿಲ್‌ನ ಕರಾವಳಿ ಮತ್ತು ಒಳನಾಡಿನ ಅಸ್ಥಿಗಳನ್ನು 2007ರಲ್ಲಿ ಹೋಲಿಸಿದ ಒಕುಮುರಾ ತಂಡವೂ ನೀರಿನ ತಾಪದ ಜೊತೆ ಹೊರಗಿನ ಹವೆ, ಗಾಳಿಯ ಕೊರೆತ ಇವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದಿತು. ಅಂದರೆ ಅಕ್ಷಾಂಶ ಒರಟು ಅಳತೆಗೋಲು.

ಅತ್ಯಂತ ತೊಡಕಿನ ಸಾಕ್ಷ್ಯ ನಿಯಾಂಡರ್ತಾಲರದು. ಟ್ರಿಂಕೌಸ್, ಸಾಮ್ಸೆಲ್, ವಿಲೋತ್ 2019ರಲ್ಲಿ 77 ಪ್ರಾಚೀನ ಮಾನವರ ಕಿವಿನಾಳ ಪರಿಶೀಲಿಸಿದಾಗ, 23 ನಿಯಾಂಡರ್ತಾಲರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಸಣ್ಣದೋ ದೊಡ್ಡದೋ ಉಬ್ಬಿತ್ತು. ಅವರು ನೀರಿನಲ್ಲಿ ಆಹಾರ ಹುಡುಕುತ್ತಿದ್ದರು ಎಂದು ಪತ್ರಿಕೆಗಳು ಸಂಭ್ರಮದಿಂದ ಬರೆದವು. ಲೇಖಕರೇ ಅಷ್ಟು ಖಚಿತವಾಗಿ ಹೇಳಿರಲಿಲ್ಲ: ಉಬ್ಬಿದ್ದವರ ನೆಲೆಗಳಿಗೂ ನೀರಿನ ಸಾಮೀಪ್ಯಕ್ಕೂ ಚಳಿಗೂ ಅಚ್ಚುಕಟ್ಟಾದ ಹೊಂದಾಣಿಕೆ ಕಾಣದೆ, ವಂಶದ ಒಲವೂ ಇರಬಹುದು ಎಂದು ಬರೆದಿದ್ದರು. ಬದಿಗೆ ಸರಿದಿದ್ದ ಹರ್ಡ್ಲಿಚ್ಕಾರ ಮಾತು ಹೀಗೆ ಮತ್ತೆ ಮುಂದಕ್ಕೆ ಬಂದಿದೆ.

ಸರ್ಫರ್‌ಗಳ ಕಿವಿಯ ಚರಿತ್ರೆಯಲ್ಲಿ ನಿಜವಾದ ತಿರುವು ಯಾವುದು ಎಂದರೆ, ಈ ಸಂಗ್ರಹಕಾರನ ಅಭಿಪ್ರಾಯದಲ್ಲಿ, ಅದು ಇಯರ್‌ಪ್ಲಗ್ಗೂ ಅಲ್ಲ, ಶಸ್ತ್ರಕ್ರಿಯೆಯೂ ಅಲ್ಲ, ವೆಟ್‌ಸೂಟ್. ಹವಾಯಿಯ ಬೆಚ್ಚನೆಯ ನೀರಿನ ಆಟ ಕ್ಯಾಲಿಫೋರ್ನಿಯಾಕ್ಕೆ ಬಂದು ದಶಕಗಳಾದರೂ ಉತ್ತರದ ಕೊರೆಯುವ ಕಡಲಲ್ಲಿ ಯಾರೂ ಬಹಳ ಹೊತ್ತು ಇರಲಾಗುತ್ತಿರಲಿಲ್ಲ. ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1951ರ ಸುಮಾರಿಗೆ, ಮೈ ಒದ್ದೆಯಾದರೂ ಅಡ್ಡಿಯಿಲ್ಲ, ಬಟ್ಟೆಯೊಳಗಿನ ಗಾಳಿಗುಳ್ಳೆಗಳು ಶಾಖ ಹಿಡಿದಿಟ್ಟರೆ ಸಾಕು ಎಂದು ಕಂಡುಕೊಂಡರು. ಅದಕ್ಕೆ ಒದಗಿದ್ದು ನಿಯೋಪ್ರೀನ್ ಎಂಬ ರಬ್ಬರು. 1952ರಲ್ಲಿ ಜಾಕ್ ಓನೀಲ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸರ್ಫ್ ಅಂಗಡಿ ತೆರೆದರು, ಆ ದಶಕದ ಕೊನೆಗೆ ಸಾಂತಾ ಕ್ರೂಜ್‌ಗೆ ಹೋದರು. ವೆಟ್‌ಸೂಟನ್ನು ಮೊದಲು ಮಾಡಿದವರು ಯಾರು ಎಂಬ ಜಗಳ ಬಹುಕಾಲ ನಡೆಯಿತು. ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ದಾಖಲೆಗಳನ್ನು ಆಧರಿಸಿ 1998ರಲ್ಲಿ ಹೊರಬಂದ ಪ್ರಬಂಧ ಬ್ರಾಡ್ನರ್ ಪರ ನಿಂತಿತು. ಸೂಟಿನೊಳಗೆ ಸದಾ ಬೇಸಿಗೆ ಎಂಬ ಅರ್ಥದ ಜಾಹೀರಾತು ಓನೀಲ್ ಕಂಪನಿಯದು. ಕಿವಿ ಮಾತ್ರ ಆ ಬೇಸಿಗೆಯ ಹೊರಗೇ ಉಳಿಯಿತು. ಮೈ ನಡುಗದ ಕಾರಣ ಸರ್ಫರ್‌ಗಳು ಚಳಿಗಾಲವಿಡೀ, ಗಂಟೆಗಟ್ಟಲೆ ನೀರಿನಲ್ಲಿ ನಿಂತರು. ತಣ್ಣೀರು ಕಿವಿಗೆ ಹೊಡೆಯುವ ಹೊತ್ತು ಹಲವು ಪಟ್ಟು ಹೆಚ್ಚಿತು. ಅದೇ ನಿಯೋಪ್ರೀನಿನ ತಲೆಗವಸು ಕಿವಿಯನ್ನೂ ಕಾಯುತ್ತಿತ್ತು, ಆದರೆ ಕತ್ತು ತಿರುಗಿಸಲು ತೊಡಕೆಂದು ಬಹಳ ಜನ ಅದನ್ನು ತೀರಾ ಚಳಿಯ ದಿನಕ್ಕೆ ಎತ್ತಿಟ್ಟರು.

ಆ ಪೀಳಿಗೆ ನಡುವಯಸ್ಸಿಗೆ ಬಂದಾಗ ವೈದ್ಯಪತ್ರಿಕೆಗಳು ಎಚ್ಚೆತ್ತವು. 1977ರಲ್ಲಿ ಸೆಫ್ಟೆಲ್ ಬರೆದ ಲೇಖನದ ಶೀರ್ಷಿಕೆಯಲ್ಲೇ ಸರ್ಫರ್ ಕಿವಿ ಎಂಬ ಹೆಸರಿತ್ತು. 1989ರಲ್ಲಿ ಜಪಾನಿನಿಂದ ವರದಿ ಬಂತು. ನ್ಯೂಜಿಲೆಂಡಿನ 92 ಸರ್ಫರ್‌ಗಳಲ್ಲಿ ನೂರಕ್ಕೆ 73 ಮಂದಿಗೆ ಉಬ್ಬಿದೆ ಎಂದು 1998ರಲ್ಲಿ, ಅಮೆರಿಕದ 307 ಮಂದಿಯಲ್ಲಿ 73.5 ಎಂದು 1999ರಲ್ಲಿ ಲೆಕ್ಕ ಸಿಕ್ಕಿತು. ಅಮೆರಿಕದ ಪೂರ್ವ ಕರಾವಳಿಯ 202 ಮಂದಿಯಲ್ಲಿ 2002ರಲ್ಲಿ ಕಂಡದ್ದು ನೂರಕ್ಕೆ 38. ತಣ್ಣೀರಿನಲ್ಲಿ ಆಡುವವರಲ್ಲಿ ಹೆಚ್ಚು. ಈ ಅಂಕಿಗಳನ್ನು ಎಲ್ಲ ಸರ್ಫರ್‌ಗಳಿಗೂ ಹಚ್ಚುವುದು ತಪ್ಪಾಗುತ್ತದೆ, ಇವು ವರ್ಷಗಟ್ಟಲೆ ಆಡಿದ ಹುರಿಯಾಳುಗಳ ಲೆಕ್ಕ. ಆಡಿದ ವರ್ಷ ಹೆಚ್ಚಿದಂತೆ ಉಬ್ಬೂ ಹೆಚ್ಚುತ್ತದೆ ಎಂಬುದರಲ್ಲಿ ಮಾತ್ರ ಎಲ್ಲರೂ ಒಂದಾಗಿದ್ದಾರೆ.

ಶಸ್ತ್ರಕ್ರಿಯೆಯ ಕಥೆ ಬೇರೆಡೆ ಬೇಕಾದಷ್ಟು ಸಿಗುತ್ತದೆ. 19ನೆಯ ಶತಮಾನದಲ್ಲಿ ಹಲ್ಲಿನ ವೈದ್ಯರ ಡ್ರಿಲ್ಲನ್ನು ಕಿವಿಗೆ ಒಯ್ದದ್ದು ಮೊದಲು. ಕಿವಿಯ ಹಿಂದೆ ಕೊಯ್ದು ಡ್ರಿಲ್ಲಿನಿಂದ ಕೆರೆಯುವುದು ಮುಂದೆ ರೂಢಿಯಾಯಿತು. ಸಾಂತಾ ಕ್ರೂಜ್‌ನ ಡಗ್ಲಸ್ ಹೆಟ್ಜ್ಲರ್ 2007ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕಿವಿಯ ದ್ವಾರದಿಂದಲೇ ಸಣ್ಣ ಉಳಿಯಿಂದ ಉಬ್ಬನ್ನು ಚಕ್ಕೆ ಚಕ್ಕೆಯಾಗಿ ಬಿಡಿಸುತ್ತಾರೆ. ಡ್ರಿಲ್ಲಿನ ಸದ್ದು ಒಳಕಿವಿಗೆ ಪೆಟ್ಟು ಎಂದು ಒಬ್ಬರು, ಉಳಿ ಜಾರಿದರೆ ಕಿವಿಯ ತಮಟೆಗೇ ಅಪಾಯ ಎಂದು ಇನ್ನೊಬ್ಬರು. ಮತ್ತೆ ತಣ್ಣೀರಿಗೆ ಬರಿಗಿವಿಯಲ್ಲಿ ಹೋದರೆ ಉಬ್ಬು ಮರಳಿ ಬರುತ್ತದೆ.

ತಡೆಯ ಚರಿತ್ರೆಗೆ ದಾಖಲೆ ತೆಳು. ಎಲುಬು ತೆಗೆಯುವವರು ಲೇಖನ ಬರೆದರು, ಕಿವಿ ಮುಚ್ಚಿಕೊಂಡವರು ಬರೆಯಲಿಲ್ಲ. ಹತ್ತಿಗೆ ವ್ಯಾಸಲೀನ್ ಸವರಿ ತುರುಕುವುದು ಮನೆಮದ್ದು. ಬರ್ಲಿನ್ನಿನ ಔಷಧಿಕಾರ ಮ್ಯಾಕ್ಸ್ ನೆಗ್ವರ್ 1907ರಲ್ಲಿ ರೂಪಿಸಿದ ಓರೋಪ್ಯಾಕ್ಸ್ ಎಂಬ ಮೇಣದುಂಡೆ ಗದ್ದಲಕ್ಕೆಂದು ಹುಟ್ಟಿದ್ದು. ಅಮೆರಿಕದಲ್ಲಿ 1960ರ ದಶಕದಲ್ಲಿ ಬಂದ ಮ್ಯಾಕ್ಸ್ (Mack's) ಹೆಸರಿನ ಸಿಲಿಕೋನ್ ಮುದ್ದೆಯನ್ನು ನಾಳದ ಬಾಯಿಗೆ ಚಪ್ಪಟೆಯಾಗಿ ಒತ್ತಿಕೊಳ್ಳುತ್ತಾರೆ. ಆಸ್ಟ್ರೇಲಿಯಾ, ಬ್ರಿಟನ್ನಿನ ಸರ್ಫರ್‌ಗಳು ಗೋಡೆಗೆ ಭಿತ್ತಿಪತ್ರ ಅಂಟಿಸುವ ಬ್ಲೂ ಟ್ಯಾಕನ್ನೇ ಚಿವುಟಿ, ಬೆರಳಲ್ಲಿ ಹಿಸುಕಿ ಮೆತ್ತಗೆ ಮಾಡಿ ಕಿವಿಗೆ ಒತ್ತಿಕೊಳ್ಳುತ್ತಿದ್ದರು. ಅಗ್ಗ, ಬಿದ್ದುಹೋದರೂ ಚಿಂತೆಯಿಲ್ಲ. ಕಿವಿಗೆಂದೇ ಅಳತೆ ತೆಗೆದು ಅಚ್ಚು ಹಾಕಿಸಿದ ಪ್ಲಗ್ ಹೆಚ್ಚು ಬಿಗಿ, ಬೆಲೆಯೂ ಹೆಚ್ಚು, ಅಲೆಗೆ ಕೊಚ್ಚಿಹೋದರೆ ನಷ್ಟವೂ ದೊಡ್ಡದು. ಸಾಂತಾ ಕ್ರೂಜ್‌ನ ಕಿವಿವೈದ್ಯ ರಾಬರ್ಟ್ ಸ್ಕಾಟ್ ರೂಪಿಸಿದ ಡಾಕ್ಸ್ ಪ್ರೊಪ್ಲಗ್ಸ್ ಬೇರೆ ಬೇರೆ ಅಳತೆಗಳಲ್ಲಿ ಸಿದ್ಧವಾಗಿ ಸಿಗುತ್ತದೆ.

ಪ್ಲಗ್ ಹಾಕದಿರಲು ಸರ್ಫರ್‌ಗಳು ಕೊಡುವ ಕಾರಣ ಬಹುಪಾಲು ಒಂದೇ: ಕೇಳಿಸದು, ಹಿಂದೆ ಏಳುವ ಅಲೆಯ ಸದ್ದು, ಗೆಳೆಯನ ಕೂಗು ತಪ್ಪಿಹೋಗುತ್ತದೆ. ಉಬ್ಬು ತಡೆಯಬಹುದಾದದ್ದು ಎಂದು ತಿಳಿದವರಲ್ಲೂ ಎಲ್ಲರೂ ಪ್ಲಗ್ ಹಾಕುವುದಿಲ್ಲ ಎಂಬುದು ಬ್ರಿಟನ್ನಿನಲ್ಲಿ 2011ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲೂ ಕಂಡದ್ದು. 2010ರ ದಶಕದಲ್ಲಿ ಸ್ವೀಡನ್ನಿನಿಂದ ಬಂದ ಸರ್ಫ್‌ಇಯರ್ಸ್ ಈ ದೂರಿಗೆ ಉತ್ತರ: ಪ್ಲಗ್ಗಿನ ನಡುವೆ ನೀರನ್ನು ತಡೆದು ಸದ್ದನ್ನು ಬಿಡುವ ತೆಳು ಜಾಲರಿ. ಮುಳುಗುಗಾರರ ಮಾತು ಬೇರೆ. ಗಾಳಿಯಾಡದ ಪ್ಲಗ್ ಹಾಕಿ ಆಳಕ್ಕಿಳಿದರೆ ನೀರಿನ ಒತ್ತಡ ಅದನ್ನು ಒಳಕ್ಕೆ ತಳ್ಳಿ ತಮಟೆಗೆ ಹಾನಿ ಮಾಡಬಹುದು. ಅವರಿಗೆ ಸಣ್ಣ ರಂಧ್ರವಿರುವ ಬಗೆ ಅಥವಾ ತಲೆಗವಸೇ ಗತಿ. ಆಲ್ಕೋಹಾಲ್ ಹನಿ ಕಿವಿ ಒಣಗಿಸಿ ಸೋಂಕು ತಡೆಯಲು ನೆರವಾಗುತ್ತದೆ. ಎಲುಬಿನ ಬೆಳವಣಿಗೆಗೆ ಅದು ತಡೆಯಲ್ಲ, ಈ ಎರಡನ್ನೂ ಬೆರೆಸಿ ಹೇಳುವ ಅಂಗಡಿಕಾರರು ಕಡಿಮೆಯಿಲ್ಲ.

ಬೆಚ್ಚನೆಯ ನೀರಿನವರು ಪಾರಾದಂತೆಯೇ ಎಂಬ ನಂಬಿಕೆ ಈಚೆಗೆ ಸಡಿಲಗೊಳ್ಳುತ್ತಿದೆ. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನ ಸರ್ಫರ್‌ಗಳ ಸಣ್ಣ ಗುಂಪೊಂದನ್ನು ನೋಡಿ 2020ರಲ್ಲಿ ಪ್ರಕಟವಾದ ಪ್ರಾಥಮಿಕ ಅಧ್ಯಯನದಲ್ಲಿ ಹೆಚ್ಚಿನವರಿಗೆ ಉಬ್ಬಿತ್ತು. ಗುಂಪು ಚಿಕ್ಕದಾದ್ದರಿಂದ ಅದರ ಮೇಲೆ ಹೆಚ್ಚು ಭಾರ ಹೇರುವಂತಿಲ್ಲ. ಕರ್ನಾಟಕದಲ್ಲಿ ಸರ್ಫಿಂಗ್ ಬೇರುಬಿಟ್ಟದ್ದು ಮೂಲ್ಕಿಯಲ್ಲಿ. ಹತ್ತಿರದ ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಅಲ್ಲಿನ ಅರಬ್ಬೀ ಕಡಲು ವರ್ಷವಿಡೀ 19 ಡಿಗ್ರಿಯ ಗಡಿಗಿಂತ ಎಷ್ಟೋ ಬೆಚ್ಚಗೆ. ಇಂಥ ಸೆಕೆ, ತೇವದ ಹವೆಯಲ್ಲಿ ಒದ್ದೆ ಕಿವಿಯನ್ನು ಹೆಚ್ಚಾಗಿ ಕಾಡುವುದು ಎಲುಬಲ್ಲ, ಶಿಲೀಂಧ್ರ; ತುರಿಕೆ, ಕಟ್ಟಿದಂತಾಗುವುದು ಅದರ ಲಕ್ಷಣ, ಮದ್ದೂ ಬೇರೆ. ಮೂಲ್ಕಿಯಲ್ಲಿ ಕಲಿತು ಕಾರ್ನ್‌ವಾಲ್‌ಗೋ ಕ್ಯಾಲಿಫೋರ್ನಿಯಾಕ್ಕೋ ಹೋಗಿ ನೆಲೆಸುವವರಿಗೆ ಪ್ಲಗ್ಗಿನ ಅಗತ್ಯ ಶುರುವಾಗುವುದು ಅಲ್ಲಿನ ಮೊದಲ ಚಳಿಗಾಲದಿಂದ.