ಲಿನೆಜೋಲಿಡ್ ಮತ್ತು ಔಷಧ ನಿರೋಧಕ ಕ್ಷಯ: ಒಂದು ಮಾತ್ರೆಯ ಅಳತೆಯ ಚರಿತ್ರೆ

ಕ್ಷಯರೋಗಕ್ಕೆ ಇಂದು ಬಳಕೆಯಲ್ಲಿರುವ ಪ್ರಮುಖ ಔಷಧಗಳಲ್ಲಿ ಹೆಚ್ಚಿನವು ಆ ರೋಗಕ್ಕಾಗಿಯೇ ಹುಡುಕಲ್ಪಟ್ಟವು, ಇಲ್ಲವೇ ಪತ್ತೆಯಾದ ಕೆಲವೇ ವರ್ಷಗಳಲ್ಲಿ ಆ ರೋಗದ ಮೇಲೆ ಪ್ರಯೋಗಗೊಂಡವು. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ದೊರೆತ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ರೋಗಿಗಳಿಗೆ ಸಿಕ್ಕ ಐಸೋನಿಯಜಿಡ್, 1960ರ ದಶಕದ ರಿಫಾಂಪಿಸಿನ್ ಈ ಸಾಲಿಗೆ ಸೇರುತ್ತವೆ. ಲಿನೆಜೋಲಿಡ್ ಎಂಬ ಔಷಧದ ದಾರಿ ಬೇರೆ. ಆಸ್ಪತ್ರೆಗಳಲ್ಲಿ ಹರಡುವ ಇತರ ಬ್ಯಾಕ್ಟೀರಿಯಾಗಳಿಗೆಂದು ತಯಾರಾದ ಇದು, ಬೇರೆ ಯಾವ ಔಷಧವೂ ನಾಟದ ಕ್ಷಯರೋಗಿಗಳಿಗೆ ವೈದ್ಯರು ಕೊನೆಯ ಉಪಾಯವಾಗಿ ಕೊಡಲಾರಂಭಿಸಿದ್ದರಿಂದಲೇ ಕ್ಷಯದ ಔಷಧವಾಯಿತು. ಅದು ಕ್ಷಯದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಬೇಗನೆ ಸಿಕ್ಕಿತು. ಮನುಷ್ಯನ ದೇಹ ಅದನ್ನು ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ ತಾಳಬಲ್ಲದು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಎರಡು ದಶಕಗಳೇ ಬೇಕಾದವು. ಈ ಔಷಧದ ಚರಿತ್ರೆ ಬಹುಮಟ್ಟಿಗೆ ಆ ಎರಡನೆಯ ಪ್ರಶ್ನೆಯ ಚರಿತ್ರೆ.

ಔಷಧ ನಿರೋಧಕತೆ, ಅಂದರೆ ಒಂದು ಔಷಧಕ್ಕೆ ಬ್ಯಾಕ್ಟೀರಿಯಾ ಮಣಿಯದಿರುವ ಗುಣ, ಕ್ಷಯದ ಚಿಕಿತ್ಸೆಯಷ್ಟೇ ಹಳೆಯದು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1948ರಲ್ಲಿ ಪ್ರಕಟಿಸಿದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯಲ್ಲಿಯೇ, ಆರಂಭದಲ್ಲಿ ಚೇತರಿಸಿಕೊಂಡ ಹಲವರು ಕೆಲವು ತಿಂಗಳುಗಳಲ್ಲಿ ಮತ್ತೆ ಕುಸಿದದ್ದು ಮತ್ತು ಅವರ ಕಫದಲ್ಲಿದ್ದ ಬ್ಯಾಕ್ಟೀರಿಯಾ ಔಷಧಕ್ಕೆ ಜಗ್ಗದಂತಾಗಿದ್ದುದು ಕಂಡುಬಂದಿತ್ತು. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಹುಟ್ಟಿದ್ದು ಈ ಅನುಭವದಿಂದ. ಐಸೋನಿಯಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ರೋಗವನ್ನು ಬಹು ಔಷಧ ನಿರೋಧಕ ಕ್ಷಯ ಎಂದು ಕರೆಯಲಾಗುತ್ತದೆ. 2006ರಲ್ಲಿ ದಕ್ಷಿಣ ಆಫ್ರಿಕದ ಕ್ವಾಜುಲು-ನಟಾಲ್ ಪ್ರಾಂತದ ಟುಗೆಲಾ ಫೆರಿ ಎಂಬ ಗ್ರಾಮೀಣ ಊರಿನಿಂದ ಬಂದ ವರದಿ, ಇದಕ್ಕಿಂತ ಮುಂದಿನ ಹಂತವೊಂದನ್ನು ಜಗತ್ತಿನ ಮುಂದಿಟ್ಟಿತು: ಎರಡನೆಯ ಸಾಲಿನ ಔಷಧಗಳಿಗೂ ಮಣಿಯದ, ವ್ಯಾಪಕ ಔಷಧ ನಿರೋಧಕ ಕ್ಷಯ ತಗುಲಿದ್ದ 53 ರೋಗಿಗಳಲ್ಲಿ 52 ಮಂದಿ ತೀರಿಕೊಂಡಿದ್ದರು, ಅವರಲ್ಲಿ ಅರ್ಧದಷ್ಟು ಜನ ಕಫ ಪರೀಕ್ಷೆಗೆ ಕೊಟ್ಟ ಸುಮಾರು ಎರಡು ವಾರಗಳೊಳಗೇ. ಲಿನೆಜೋಲಿಡ್ ಕ್ಷಯದ ಚಿಕಿತ್ಸೆಯೊಳಗೆ ಬಂದದ್ದು ಇಂಥ ಕಾಲದಲ್ಲಿ.

ಆಕ್ಸಜೋಲಿಡಿನೋನ್ ಎಂಬ ರಾಸಾಯನಿಕ ವರ್ಗದ ಬ್ಯಾಕ್ಟೀರಿಯಾನಾಶಕ ಗುಣ ಮೊದಲು ಬೆಳಕಿಗೆ ಬಂದದ್ದು ಅಮೆರಿಕದ ಡುಪಾಂಟ್ ಕಂಪನಿಯಲ್ಲಿ, ಅದೂ 1970ರ ದಶಕದ ಕೊನೆಯಲ್ಲಿ ಗಿಡಗಳ ರೋಗಕ್ಕೆ ಮದ್ದು ಹುಡುಕುವ ಕೆಲಸದ ನಡುವೆ. 1987ರಲ್ಲಿ ಆ ಕಂಪನಿ ಮನುಷ್ಯರಿಗೆಂದು ಎರಡು ಸಂಯುಕ್ತಗಳನ್ನು ಮುಂದಿಟ್ಟಿತಾದರೂ ಪ್ರಾಣಿಗಳಲ್ಲಿ ಕಂಡ ವಿಷಗುಣದಿಂದಾಗಿ ಆ ಕೆಲಸ ನಿಂತಿತು. ಅವುಗಳಲ್ಲಿ ಒಂದು ಕ್ಷಯದ ಬ್ಯಾಕ್ಟೀರಿಯಾದ ಮೇಲೂ ಪರಿಣಾಮಕಾರಿ ಎಂದು 1991ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು. ಮಿಷಿಗನ್ ರಾಜ್ಯದ ಕಲಮಜೂ ನಗರದ ಅಪ್‌ಜಾನ್ ಕಂಪನಿಯಲ್ಲಿ ಸ್ಟೀವನ್ ಬ್ರಿಕ್ನರ್ ಮತ್ತು ಸಂಗಡಿಗರು ಇದೇ ವರ್ಗವನ್ನು ವಿಷಗುಣ ತಗ್ಗುವಂತೆ ಮಾರ್ಪಡಿಸುತ್ತ ಹೋಗಿ, 1996ರಲ್ಲಿ ಲಿನೆಜೋಲಿಡ್‌ನ ವಿವರಗಳನ್ನು ಪ್ರಕಟಿಸಿದರು. 2000ದ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ದೊರೆತದ್ದು ನ್ಯುಮೋನಿಯಾ, ಚರ್ಮದ ಸೋಂಕು ಮತ್ತು ವ್ಯಾಂಕೋಮೈಸಿನ್‌ಗೆ ಬಗ್ಗದ ಎಂಟರೊಕಾಕಸ್ ಬ್ಯಾಕ್ಟೀರಿಯಾದ ಸೋಂಕುಗಳಿಗೆ. 600 ಮಿಲಿಗ್ರಾಂ ಮಾತ್ರೆ ದಿನಕ್ಕೆರಡು ಬಾರಿ, ಹೆಚ್ಚೆಂದರೆ 28 ದಿನ: ತಯಾರಕರು ಪರೀಕ್ಷಿಸಿದ್ದು ಅಷ್ಟನ್ನೇ. ಕ್ಷಯಕ್ಕೆ ಬೇಕಾಗುವ ಅವಧಿಯನ್ನು ತಿಂಗಳುಗಳಲ್ಲಿ, ಕೆಲವೊಮ್ಮೆ ವರ್ಷಗಳಲ್ಲಿ ಎಣಿಸಬೇಕು.

ಈ ಅಂತರ ಏಕೆ ಅಪಾಯಕಾರಿಯಾಯಿತು ಎಂಬುದು ಔಷಧ ಕೆಲಸ ಮಾಡುವ ಬಗೆಯಲ್ಲಿಯೇ ಅಡಗಿದೆ. ಜೀವಕೋಶದಲ್ಲಿ ಪ್ರೋಟೀನು ತಯಾರಾಗುವುದು ರೈಬೋಸೋಮ್ ಎಂಬ ಸೂಕ್ಷ್ಮ ಘಟಕಗಳಲ್ಲಿ. ಬ್ಯಾಕ್ಟೀರಿಯಾದ ರೈಬೋಸೋಮಿನ ದೊಡ್ಡ ಭಾಗಕ್ಕೆ ಲಿನೆಜೋಲಿಡ್ ಅಂಟಿಕೊಂಡು, ಪ್ರೋಟೀನಿನ ತಯಾರಿಕೆ ಆರಂಭವಾಗುವುದನ್ನೇ ತಡೆಯುತ್ತದೆ. ಆದರೆ ಮನುಷ್ಯನ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳೂ ವಿಕಾಸದ ದೃಷ್ಟಿಯಿಂದ ಬ್ಯಾಕ್ಟೀರಿಯಾದ ಸಂತತಿಯೇ ಆಗಿದ್ದು, ಅವುಗಳ ರೈಬೋಸೋಮುಗಳು ಬ್ಯಾಕ್ಟೀರಿಯಾದವನ್ನು ಹೋಲುವುದರಿಂದ, ದೀರ್ಘಕಾಲ ಔಷಧ ಸೇವಿಸಿದಾಗ ಅಲ್ಲಿಯೂ ಪ್ರೋಟೀನಿನ ತಯಾರಿಕೆ ಕುಂಠಿತವಾಗುತ್ತದೆ. ಅಸ್ಥಿಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿ ಇಳಿದು ರಕ್ತಹೀನತೆ ಬರುವುದು, ಪಾದಗಳಲ್ಲಿ ಜೋಮು ಮತ್ತು ಉರಿಯಾಗಿ ತೊಡಗಿ ಕೆಲವರಲ್ಲಿ ಶಾಶ್ವತವಾಗಿ ಉಳಿದುಬಿಡುವ ನರಗಳ ಹಾನಿ, ದೃಷ್ಟಿನರದ ಹಾನಿಯಿಂದ ಕಣ್ಣು ಮಂಜಾಗುವುದು, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಅಪಾಯಕರವಾಗಿ ಏರುವುದು ಇದರ ಪರಿಣಾಮಗಳು. ರೋಗವನ್ನು ಹೊಡೆಯುವ ಗುಣ ಮತ್ತು ರೋಗಿಯನ್ನು ಬಾಧಿಸುವ ಗುಣ ಇಲ್ಲಿ ಎರಡಲ್ಲ, ಒಂದೇ. ಆದ್ದರಿಂದಲೇ ಅಳತೆಯ ಪ್ರಶ್ನೆ ಈ ಔಷಧಕ್ಕೆ ಉಳಿದ ಔಷಧಗಳಿಗಿಂತ ಹೆಚ್ಚು ಮುಖ್ಯವಾಯಿತು.

2000ದ ದಶಕದ ಮಧ್ಯದಿಂದ ಸ್ಪೇನ್, ನಾರ್ವೆ, ದಕ್ಷಿಣ ಕೊರಿಯಾ, ಅಮೆರಿಕ ಮೊದಲಾದ ಕಡೆಗಳಿಂದ ಬೆರಳೆಣಿಕೆಯ ರೋಗಿಗಳ ವರದಿಗಳು ಬರತೊಡಗಿದವು. ಪ್ರತಿ ವರದಿಯ ಸಾರವೂ ಹೆಚ್ಚುಕಡಿಮೆ ಒಂದೇ: ಕಫದಲ್ಲಿ ಬ್ಯಾಕ್ಟೀರಿಯಾ ಕಾಣದಾಗುತ್ತದೆ, ರಕ್ತ ಮತ್ತು ನರಗಳು ತೊಂದರೆಗೊಳಗಾಗುತ್ತವೆ. ಕೊರಿಯಾದ ವೈದ್ಯರು ದಿನಕ್ಕೆ 1,200ರ ಬದಲು 600 ಮಿಲಿಗ್ರಾಂ ಕೊಟ್ಟು ನೋಡಿದರು. 2012ರಲ್ಲಿ 11 ದೇಶಗಳ 121 ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ, 600 ಮಿಲಿಗ್ರಾಂ ದಾಟಿದವರಲ್ಲಿ ಅಡ್ಡ ಪರಿಣಾಮಗಳು ಹೆಚ್ಚೆಂಬುದು ಕಂಡಿತು. ಆದರೆ ಇವೆಲ್ಲ ಹಿಂದಿರುಗಿ ನೋಡಿ ಬರೆದ ದಾಖಲೆಗಳು. ಲಿನೆಜೋಲಿಡ್ ಜೊತೆಗೆ ರೋಗಿಗಳು ಇತರ ನಾಲ್ಕೈದು ಔಷಧಗಳನ್ನೂ ಸೇವಿಸುತ್ತಿದ್ದುದರಿಂದ, ಗುಣ ಯಾವುದರಿಂದ ಬಂತು ಎಂದು ಹೇಳುವಂತಿರಲಿಲ್ಲ.

ಆ ಸಂದೇಹವನ್ನು ತೆಗೆದುಹಾಕಿದ್ದು ಅದೇ ವರ್ಷ ದಕ್ಷಿಣ ಕೊರಿಯಾದಿಂದ ಪ್ರಕಟವಾದ ಪರೀಕ್ಷೆ. ಆರು ತಿಂಗಳ ಕಾಲ ಲಭ್ಯವಿದ್ದ ಯಾವ ಚಿಕಿತ್ಸೆಗೂ ಸ್ಪಂದಿಸದಿದ್ದ 41 ವ್ಯಾಪಕ ಔಷಧ ನಿರೋಧಕ ಕ್ಷಯರೋಗಿಗಳ ಹಳೆಯ ಔಷಧಗಳನ್ನು ಹಾಗೆಯೇ ಮುಂದುವರಿಸಿ, ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೂಡಲೇ, ಇನ್ನೊಂದಕ್ಕೆ ಎರಡು ತಿಂಗಳ ಬಳಿಕ ಲಿನೆಜೋಲಿಡ್ ಸೇರಿಸಲಾಯಿತು. ವಿಫಲವೆಂದು ಸಾಬೀತಾದ ಔಷಧಗಳ ಸಾಲಿಗೆ ಒಂದನ್ನೇ ಸೇರಿಸಿದ್ದರಿಂದ, ಬದಲಾವಣೆಯೇನಾದರೂ ಕಂಡರೆ ಅದು ಆ ಒಂದರದೇ ಆಗಬೇಕಿತ್ತು. ಈ ಸರಳ ವಿನ್ಯಾಸದಲ್ಲಿಯೇ ಪರೀಕ್ಷೆಯ ಬಲವಿದೆ. ನಾಲ್ಕು ತಿಂಗಳ ಹೊತ್ತಿಗೆ ಮೊದಲ ಗುಂಪಿನ ಶೇ. 79ರಷ್ಟು, ಎರಡನೆಯದರ ಶೇ. 35ರಷ್ಟು ರೋಗಿಗಳ ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ನಿಂತಿತ್ತು. ಔಷಧ ತೆಗೆದುಕೊಂಡ ಆರು ತಿಂಗಳೊಳಗೆ ಒಟ್ಟು ಶೇ. 87ರಷ್ಟು ಮಂದಿಯಲ್ಲಿ ಇದು ಸಾಧ್ಯವಾಯಿತು. ಅದೇ ವೇಳೆ ಶೇ. 82ರಷ್ಟು ಮಂದಿ ಗಮನಾರ್ಹ ಅಡ್ಡ ಪರಿಣಾಮಗಳನ್ನು ಅನುಭವಿಸಿದರು. ನಂತರದ ಹಂತದಲ್ಲಿ ಪ್ರಮಾಣವನ್ನು 300 ಮಿಲಿಗ್ರಾಂಗೆ ಇಳಿಸಿದವರಲ್ಲಿ ಈ ತೊಂದರೆಗಳು ಕಡಿಮೆಯಾದವು. ಆದರೆ ಕೆಲವು ರೋಗಿಗಳಲ್ಲಿ ಬ್ಯಾಕ್ಟೀರಿಯಾ ಲಿನೆಜೋಲಿಡ್‌ಗೂ ನಿರೋಧಕವಾಯಿತು. ಹೆಚ್ಚಾದರೆ ರೋಗಿಗೆ ಹಾನಿ, ಕಡಿಮೆಯಾದರೆ ನಿರೋಧಕತೆಗೆ ದಾರಿ ಎಂಬ ಇಕ್ಕಟ್ಟು ಹೀಗೆ ಅಂಕಿಗಳಲ್ಲಿ ದಾಖಲಾಯಿತು. ಔಷಧ ಮಾರುಕಟ್ಟೆಗೆ ಬಂದು ಹನ್ನೆರಡು ವರ್ಷಗಳಾದ ಮೇಲೆ ಇಷ್ಟು ಚಿಕ್ಕ ಪರೀಕ್ಷೆಯೊಂದರ ಫಲಿತಾಂಶ ಪ್ರಕಟವಾದದ್ದು, ಬಡವರನ್ನೇ ಹೆಚ್ಚಾಗಿ ಕಾಡುವ ರೋಗದ ಸಂಶೋಧನೆಗೆ ಹಣ ಹೂಡುವವರು ಎಷ್ಟು ವಿರಳ ಎಂಬುದನ್ನು ತೋರಿಸುತ್ತದೆ. ಬೆಲೆಯೂ ಅಡ್ಡಿಯಾಗಿತ್ತು: ದಕ್ಷಿಣ ಆಫ್ರಿಕದಲ್ಲಿ 2014ರವರೆಗೆ ಪೇಟೆಂಟ್ ಜಾರಿಯಲ್ಲಿದ್ದು, ಅಗ್ಗದ ಮಾತ್ರೆಗಳಿಗಾಗಿ ಸೀಮಾತೀತ ವೈದ್ಯರ ಸಂಘಟನೆಯಾದ ಎಂಎಸ್ಎಫ್ ಹೋರಾಡಬೇಕಾಯಿತು, ಭಾರತದಲ್ಲಿ ಆ ಕಾಲದ ಪೇಟೆಂಟ್ ಕಾನೂನು ಔಷಧದ ಉತ್ಪನ್ನಕ್ಕೆ ಏಕಸ್ವಾಮ್ಯ ಕೊಡುತ್ತಿರಲಿಲ್ಲವಾದ್ದರಿಂದ ದೇಶೀಯ ಕಂಪನಿಗಳು ಬಹಳ ಮೊದಲೇ ಇದನ್ನು ತಯಾರಿಸುತ್ತಿದ್ದವು.

ಮುಂದಿನ ಘಟ್ಟ ಆರಂಭವಾದದ್ದು ಬೆಡಾಕ್ವಿಲಿನ್ ಮತ್ತು ಪ್ರೆಟೋಮನಿಡ್ ಎಂಬ ಎರಡು ಹೊಸ ಔಷಧಗಳು ಜೊತೆಗೂಡಿದಾಗ. ದಕ್ಷಿಣ ಆಫ್ರಿಕದಲ್ಲಿ 109 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ನಿಕ್ಸ್-ಟಿಬಿ ಪರೀಕ್ಷೆಯಲ್ಲಿ, ಈ ಎರಡರ ಜೊತೆ ದಿನಕ್ಕೆ 1,200 ಮಿಲಿಗ್ರಾಂ ಲಿನೆಜೋಲಿಡ್ ಕೊಟ್ಟಾಗ, ಆರೇ ತಿಂಗಳ ಚಿಕಿತ್ಸೆಯಿಂದ ಶೇ. 90ರಷ್ಟು ರೋಗಿಗಳು ಗುಣಮುಖರಾದರು. ಟುಗೆಲಾ ಫೆರಿಯ 53ರಲ್ಲಿ 52 ಸಾವುಗಳ ಪಕ್ಕದಲ್ಲಿಟ್ಟು ಓದಿದಾಗ ಈ ಅಂಕಿಯ ತೂಕ ತಿಳಿಯುತ್ತದೆ. ಆದರೂ ಶೇ. 81ರಷ್ಟು ಮಂದಿಗೆ ಕೈಕಾಲುಗಳ ನರದ ತೊಂದರೆ, ಶೇ. 48ರಷ್ಟು ಮಂದಿಗೆ ಅಸ್ಥಿಮಜ್ಜೆಯ ತೊಂದರೆ ಬಂದಿತ್ತು. ಇದನ್ನು ತಗ್ಗಿಸಲೆಂದೇ ರೂಪುಗೊಂಡ ಜೆನಿಕ್ಸ್ ಪರೀಕ್ಷೆ, ದಕ್ಷಿಣ ಆಫ್ರಿಕ, ಜಾರ್ಜಿಯಾ, ಮಾಲ್ಡೋವಾ ಮತ್ತು ರಷ್ಯಾದ 181 ರೋಗಿಗಳನ್ನು ನಾಲ್ಕು ಗುಂಪು ಮಾಡಿ, 1,200 ಅಥವಾ 600 ಮಿಲಿಗ್ರಾಂ, 26 ಅಥವಾ 9 ವಾರ ಎಂಬ ಆಯ್ಕೆಗಳನ್ನು ಹೋಲಿಸಿತು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, 26 ವಾರ 1,200 ಮಿಲಿಗ್ರಾಂ ಪಡೆದವರಲ್ಲಿ ಯಶಸ್ಸು ಶೇ. 93, ನರದ ತೊಂದರೆ ಶೇ. 38 ಇದ್ದರೆ, ಅಷ್ಟೇ ಕಾಲ 600 ಮಿಲಿಗ್ರಾಂ ಪಡೆದವರಲ್ಲಿ ಇವು ಕ್ರಮವಾಗಿ ಶೇ. 91 ಮತ್ತು 24 ಆಗಿದ್ದವು. ಅರ್ಧ ಪ್ರಮಾಣದಿಂದ ಗುಣವಾಗುವ ಸಾಧ್ಯತೆ ಹೆಚ್ಚೇನೂ ಕುಗ್ಗುವುದಿಲ್ಲ ಎಂಬುದು ಇದರಿಂದ ಗೊತ್ತಾಯಿತು. ಅದೇ ವರ್ಷ ಬಂದ ಎಂಎಸ್ಎಫ್ ನೇತೃತ್ವದ ಇನ್ನೊಂದು ಪರೀಕ್ಷೆ, ಈ ಮೂರಕ್ಕೆ ಮಾಕ್ಸಿಫ್ಲಾಕ್ಸಸಿನ್ ಸೇರಿಸಿದ ಆರು ತಿಂಗಳ ಕ್ರಮದಿಂದ ಶೇ. 89ರಷ್ಟು ರೋಗಿಗಳಿಗೆ ಒಳ್ಳೆಯ ಫಲ ಸಿಕ್ಕಿದ್ದನ್ನೂ, ಹಳೆಯ ಕ್ರಮಗಳಲ್ಲಿ ಅದು ಶೇ. 52 ಮಾತ್ರವೆಂಬುದನ್ನೂ ತೋರಿಸಿತು. 2018ರಲ್ಲಿಯೇ, 25 ದೇಶಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳ ಆಧಾರದಿಂದ ಲಿನೆಜೋಲಿಡ್ಡನ್ನು ಅತ್ಯಂತ ಪರಿಣಾಮಕಾರಿ ಔಷಧಗಳ ‘ಎ’ ಗುಂಪಿಗೆ ಸೇರಿಸಿದ್ದ ವಿಶ್ವ ಆರೋಗ್ಯ ಸಂಸ್ಥೆ, 2022ರ ಡಿಸೆಂಬರ್‌ನಲ್ಲಿ ಈ ಆರು ತಿಂಗಳ ಕ್ರಮವನ್ನು ಶಿಫಾರಸು ಮಾಡಿತು.

ಭಾರತದಲ್ಲಿ ಈ ಪ್ರಶ್ನೆಯ ಗಾತ್ರವನ್ನು ಅಳೆದ ಕೆಲಸದಲ್ಲಿ ಬೆಂಗಳೂರಿಗೆ ಮುಖ್ಯ ಪಾತ್ರವಿದೆ. 1959ರಲ್ಲಿ ಸ್ಥಾಪನೆಯಾದ ಇಲ್ಲಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪ್ರಯೋಗಾಲಯವೇ, 2014–16ರಲ್ಲಿ ನಡೆದ ದೇಶದ ಮೊದಲ ರಾಷ್ಟ್ರಮಟ್ಟದ ಔಷಧ ನಿರೋಧಕತೆ ಸಮೀಕ್ಷೆಗೆ ಕೇಂದ್ರವಾಗಿತ್ತು. ಹೊಸ ರೋಗಿಗಳಲ್ಲಿ ಶೇ. 2.84, ಹಿಂದೆ ಚಿಕಿತ್ಸೆ ಪಡೆದವರಲ್ಲಿ ಶೇ. 11.6ರಷ್ಟು ಮಂದಿಗೆ ಬಹು ಔಷಧ ನಿರೋಧಕ ಕ್ಷಯವಿದೆ ಎಂದು ಅದು ತಿಳಿಸಿತು. ಶ್ರವಣಶಕ್ತಿಯನ್ನೇ ಕಿತ್ತುಕೊಳ್ಳುತ್ತಿದ್ದ ಕನಾಮೈಸಿನ್ ಚುಚ್ಚುಮದ್ದಿನ ಬದಲು ಬಾಯಿಂದಲೇ ಸೇವಿಸುವ 18ರಿಂದ 20 ತಿಂಗಳ ಕ್ರಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಂದಾಗ, ಲಿನೆಜೋಲಿಡ್ಡನ್ನು ಮೊದಲ ಆರರಿಂದ ಎಂಟು ತಿಂಗಳು 600, ಅನಂತರ 300 ಮಿಲಿಗ್ರಾಂ ಕೊಡುವಂತೆ ವಿಧಿಸಲಾಯಿತು. ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯ ಮುಂದಾಳುತನದ ಪರೀಕ್ಷೆಯೊಂದು ಮೂರು ಔಷಧಗಳ ಕ್ರಮದಲ್ಲಿ 9 ಇಲ್ಲವೇ 13 ವಾರಗಳ ಬಳಿಕವೇ 300ಕ್ಕೆ ಇಳಿಸುವುದನ್ನು, 26 ವಾರವೂ 600 ಕೊಡುವುದರೊಂದಿಗೆ ಹೋಲಿಸಲು ಕೈಹಾಕಿತು. ನಾಲ್ಕು ಔಷಧಗಳ ಆರು ತಿಂಗಳ ಕ್ರಮಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿಗೆ ನೀಡಿತು. ಪೌಷ್ಟಿಕ ಆಹಾರವಿಲ್ಲದೆ ಮೊದಲೇ ರಕ್ತಹೀನರಾಗಿರುವ, ಮಧುಮೇಹದಿಂದ ಪಾದದ ನರಗಳು ಆಗಲೇ ಸೊರಗಿರುವ ರೋಗಿಗಳು ಇಲ್ಲಿ ಅಪರೂಪವಲ್ಲವಾದ್ದರಿಂದ, ನಿಯತವಾದ ರಕ್ತಪರೀಕ್ಷೆ ಮತ್ತು ಕಣ್ಣಿನ ತಪಾಸಣೆಗಳು ತಾಲ್ಲೂಕು ಆಸ್ಪತ್ರೆಯ ಮಟ್ಟದವರೆಗೂ ದೊರೆಯುವುದು ಈ ಕ್ರಮದ ಅವಿಭಾಜ್ಯ ಅಂಗವೆಂದೇ ಪರಿಗಣಿಸಬೇಕಾಗುತ್ತದೆ.

2021ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವ್ಯಾಪಕ ಔಷಧ ನಿರೋಧಕ ಕ್ಷಯದ ವ್ಯಾಖ್ಯೆಯನ್ನು ಬದಲಿಸಿತು. ಹೊಸ ವ್ಯಾಖ್ಯೆಯ ಪ್ರಕಾರ, ರಿಫಾಂಪಿಸಿನ್ ಮತ್ತು ಫ್ಲೋರೊಕ್ವಿನಲೋನ್ ವರ್ಗದ ಔಷಧಗಳ ಜೊತೆಗೆ ಬೆಡಾಕ್ವಿಲಿನ್ ಅಥವಾ ಲಿನೆಜೋಲಿಡ್‌ಗೂ ಮಣಿಯದ ರೋಗಕ್ಕೆ ಆ ಹೆಸರು ಸಲ್ಲುತ್ತದೆ. ಅದಕ್ಕೆ ಹದಿನೈದು ವರ್ಷಗಳ ಹಿಂದೆ ಆ ರೋಗಕ್ಕೆ ಕೊನೆಯ ಉಪಾಯವಾಗಿದ್ದ ಔಷಧವೇ ಈಗ ಅದನ್ನು ಗುರುತಿಸುವ ಗೆರೆಗಳಲ್ಲಿ ಒಂದಾಗಿದೆ. ಇದೇ ವರ್ಗದಲ್ಲಿ ಕಡಿಮೆ ಹಾನಿಯ ಔಷಧಗಳಿಗಾಗಿ ಹುಡುಕಾಟ ನಡೆದಿದ್ದು, ಸುಟೆಜೋಲಿಡ್ ಮತ್ತು ಡೆಲ್ಪಜೋಲಿಡ್ ರೋಗಿಗಳ ಮೇಲಿನ ಪರೀಕ್ಷೆಯ ಹಂತ ತಲುಪಿವೆ. ಇವುಗಳಲ್ಲಿ ಸುಟೆಜೋಲಿಡ್, ಕ್ಷಯದ ಬ್ಯಾಕ್ಟೀರಿಯಾದ ವಿರುದ್ಧ ಅದರ ಶಕ್ತಿ ಸ್ಪಷ್ಟವಾಗಿಯೇ ಇದ್ದರೂ, ಅಪ್‌ಜಾನ್ ವಿಜ್ಞಾನಿಗಳು 1996ರಲ್ಲಿ ವಿವರಿಸಿದ ಮೇಲೆ ದೀರ್ಘಕಾಲ ಬದಿಗೆ ಸರಿದಿದ್ದ ಸಂಯುಕ್ತ.