ಸಾರುವವರು ಮತ್ತು ಸಾರಿಸುವವರು

ದೇಶದ ಆರ್ಥಿಕ ಸ್ಥಿತಿ ಚೆನ್ನಾಗಿದೆ ಎಂದು ಟೀವಿ ಹೇಳಿದರೆ ನಮ್ಮ ಜನ ನಂಬುವುದಿಲ್ಲ. ಕೆಟ್ಟಿದೆ ಎಂದರೂ ನಂಬುವುದಿಲ್ಲ. 'ಟೀವಿಯೊಳ್ಗಿನ ಬ್ಯಾಳೆ ಬೇಯಕ್ಕಿಲ್ಲ ಕನ ಮಗ' ಎಂದು ಕೇರಿಯ ಅವ್ವಂದಿರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಓದಿದವರು ಇದಕ್ಕೆ ಅಜ್ಞಾನ ಎಂದು ಹೆಸರಿಟ್ಟಿದ್ದಾರೆ. ಅಂಕಿ ಅಂಶ ತಿಳಿಯದ ಜನ, ಹೊಟ್ಟೆ ಬಿಟ್ಟು ಬೇರೇನೂ ಕಾಣದ ಜನ ಅನ್ನುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಹೊಡೆತ ತಿಂದವನು ದೊಣ್ಣೆ ಕಂಡು ಹಿಂದೆ ಸರಿಯುವುದು ಅಜ್ಞಾನವಲ್ಲ, ಅನುಭವ. ನಮ್ಮ ಅಪನಂಬಿಕೆಗೂ ಒಂದು ಚರಿತ್ರೆ ಇದೆ. ಅದನ್ನು ನಾವೇ ಬರೆದಿಡದೆ ಹೋದರೆ ಅದನ್ನೂ ಅವರೇ ಬರೆದುಬಿಡುತ್ತಾರೆ.

ಟೀವಿಗಿಂತ ಮೊದಲು ಊರುಗಳಲ್ಲಿ ಸುದ್ದಿ ಸಾರುತ್ತಿದ್ದದ್ದು ತಮಟೆ. ಕಂದಾಯ ಕಟ್ಟಬೇಕು, ಅಮಲ್ದಾರರು ಬರುತ್ತಾರೆ, ಕೆರೆ ಕೆಲಸಕ್ಕೆ ಆಳು ಬರಬೇಕು, ಹಬ್ಬಕ್ಕೆ ಕೇರಿಯವರು ಸೌದೆ ತರಬೇಕು. ಇವೆಲ್ಲ ಡಂಗುರದ ಸುದ್ದಿ. ಬಡಿಯುತ್ತಿದ್ದವರು ನಮ್ಮ ತಾತಂದಿರು. ತಮಟೆ ನಮ್ಮದು, ಚರ್ಮ ಹದ ಮಾಡಿದ ಕೈ ನಮ್ಮದು, ಗಂಟಲು ನಮ್ಮದು. ಮಾತು ಮಾತ್ರ ಪಟೇಲ ಶಾನುಭೋಗರದು. 'ಕೇಳ್ರಪ್ಪೋ ಕೇಳಿ' ಎಂದು ಬೀದಿ ಬೀದಿ ಕೂಗಿದವನಿಗೆ ಅದರಲ್ಲಿ ಒಂದಕ್ಷರ ಬದಲಿಸುವ ಹಕ್ಕಿರಲಿಲ್ಲ. ಸುದ್ದಿಗೆ ಒಬ್ಬ ಯಜಮಾನ ಇರುತ್ತಾನೆ, ಸಾರುವವನು ಬೇರೆ ಸಾರಿಸುವವನು ಬೇರೆ ಎಂಬುದನ್ನು ನಮಗೆ ಯಾವ ವಿಶ್ವವಿದ್ಯಾನಿಲಯವೂ ಕಲಿಸಬೇಕಾಗಿಲ್ಲ. ಈ ತಿಳಿವಳಿಕೆಯ ಕಣ್ಣಿಂದಲೇ ನಮ್ಮ ಜನ ಟೀವಿಯನ್ನೂ ನೋಡಿದರು.

ದೂರದರ್ಶನ ದಿಲ್ಲಿಯಲ್ಲಿ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು. ಅದು ಕರ್ನಾಟಕದ ಹಳ್ಳಿಗೆ ಬರಲು 16 ವರ್ಷ ಬೇಕಾಯಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದವರ ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ 'ಸೈಟ್' ಎಂಬ ಪ್ರಯೋಗ ನಡೆಯಿತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಮಕ್ಕಳ ಪಾಠ ಎಲ್ಲ ಆ ಪೆಟ್ಟಿಗೆಯಿಂದ ಬಂತು. ಬಂದ ಹೊತ್ತು ಎಂಥದು ನೋಡಿ. ಜೂನ್ 25ಕ್ಕೆ ತುರ್ತು ಪರಿಸ್ಥಿತಿ. ಪತ್ರಿಕೆಗಳಿಗೆ ಸೆನ್ಸಾರು. ಆಕಾಶವಾಣಿ, ದೂರದರ್ಶನ ಮೊದಲಿಂದಲೂ ಸರ್ಕಾರದ ಇಲಾಖೆಗಳೇ. ಜುಲೈ 1ಕ್ಕೆ ಇಪ್ಪತ್ತು ಅಂಶಗಳ ಕಾರ್ಯಕ್ರಮ.

ಆ ಅಂಶಗಳೆಲ್ಲ ಬರೀ ಬುರುಡೆ ಎಂದು ನಾವು ಹೇಳುವುದಿಲ್ಲ. ಜೀತ ಪದ್ಧತಿ ರದ್ದಾಯಿತು, 1976ರಲ್ಲಿ ಅದಕ್ಕೆ ಕಾಯಿದೆ ಬಂತು. ಗೌಡನ ಕೊಟ್ಟಿಗೆಯಲ್ಲಿ ಹುಟ್ಟಿ ಅಲ್ಲೇ ಸಾಯಬೇಕಾಗಿದ್ದವರಿಗೆ ಅದು ಸಣ್ಣ ಮಾತಲ್ಲ. ಆದರೆ ಅದೇ 1975ರಲ್ಲಿ ಕಾರ್ಖಾನೆ ಕೆಲಸಗಾರರ ಕನಿಷ್ಠ ಬೋನಸ್ಸನ್ನು ಶೇಕಡ 8.33ರಿಂದ 4ಕ್ಕೆ ಇಳಿಸಿದವರೂ ಅವರೇ. ಕೊಟ್ಟದ್ದಕ್ಕೆ ಡಂಗುರ, ಕಿತ್ತುಕೊಂಡದ್ದನ್ನು ಕೇಳುವ ಬಾಯಿಗೆ ಬೀಗ. ಆ ಎರಡು ವರ್ಷ ಜನ ರೇಡಿಯೋದ ಕಿವಿ ತಿರುವಿ ಬಿಬಿಸಿ ಹುಡುಕಿದರು. 1977ರಲ್ಲಿ ಓಟಿನಲ್ಲಿ ಉತ್ತರ ಕೊಟ್ಟರು. ಆಮೇಲೆ ಶ್ವೇತಪತ್ರ ಬಂತು, ವರ್ಗೀಸ್ ಸಮಿತಿ ಬಂತು, 1978ರಲ್ಲಿ ವರದಿಯೂ ಬಂತು. ಪ್ರಸಾರ ಭಾರತಿ ಕಾಯಿದೆ ಆದದ್ದು 1990ರಲ್ಲಿ, ಜಾರಿಯಾದದ್ದು 1997ರಲ್ಲಿ. ಸರ್ಕಾರದ ಬಾಯಿಂದ ಟೀವಿಯನ್ನು ಬಿಡಿಸುತ್ತೇವೆ ಎಂದವರಿಗೆ ಕಾಗದದ ಮೇಲೆ ಬಿಡಿಸುವುದಕ್ಕೇ 20 ವರ್ಷ ಹಿಡಿಯಿತು.

ಅಷ್ಟರಲ್ಲಿ ಹೊಸ ಯಜಮಾನ ಬಂದಿದ್ದ. 1991ರಲ್ಲಿ ವಿದೇಶಿ ವಿನಿಮಯ ಬರಿದಾಗಿ ದೇಶ ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್, ಜಪಾನುಗಳ ಬ್ಯಾಂಕಿನಲ್ಲಿ ಅಡವಿಟ್ಟಿತು. ಅವ್ವನ ಮೂಗುಬೊಟ್ಟು ಅಡವಿಟ್ಟು ಗೊತ್ತಿರುವ ನಮಗೆ ಅಡವಿನ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಜುಲೈ ಮೊದಲ ವಾರದಲ್ಲಿ ಎರಡು ಸಲ ರೂಪಾಯಿ ಬೆಲೆ ಇಳಿಸಿದರು. ಬಾಗಿಲು ತೆರೆಯಿತು. ತೆರೆದ ಬಾಗಿಲಿನಿಂದ ಬಂಡವಾಳದ ಜೊತೆಗೆ ಖಾಸಗಿ ಚಾನೆಲ್ಲುಗಳೂ ಬಂದವು. 1999ರ ಹೊತ್ತಿಗೆ ಬರೀ ವ್ಯಾಪಾರದ ಸುದ್ದಿಗೇ ಒಂದು ಚಾನೆಲ್. ಪರದೆಯ ಕೆಳಗೆ ಷೇರು ದರಗಳು ಹಗಲೂ ರಾತ್ರಿ ಇರುವೆ ಸಾಲಿನ ಹಾಗೆ ಹರಿಯತೊಡಗಿದವು.

ನಮಗೆ ಗೊತ್ತಿದ್ದದ್ದು ಸೇರು. ರಾಗಿ ಅಳೆಯುವ ಸೇರು, ಕಣದಲ್ಲಿ ಗೌಡ ನಮಗೆ ಅಳೆದು ಕೊಡುವಾಗ ತಳಕ್ಕೆ ಹೆಬ್ಬೆರಳು ಒತ್ತುತ್ತಿದ್ದ ಸೇರು. ಈಗ ಷೇರು ಬಂತು. ಮುಂಬಯಿಯ ಸೂಚ್ಯಂಕ 30 ಕಂಪನಿಗಳ ಷೇರಿನ ಏರಿಳಿತ. ಮೂವತ್ತೇ ಮೂವತ್ತು. ಅದು ಏರಿದರೆ 'ದೇಶಕ್ಕೆ ಸಂಭ್ರಮ', ಇಳಿದರೆ 'ದೇಶಕ್ಕೆ ಆಘಾತ'. ಉಳಿದ ಕೋಟ್ಯಂತರ ಜನರ ರಟ್ಟೆ ಆ ದೇಶದಲ್ಲಿ ಎಲ್ಲಿ ಬಂತು? ಸರ್ಕಾರದ ಟೀವಿ ಸುಳ್ಳು ಹೇಳಿದರೂ ನಮ್ಮನ್ನು ಉದ್ದೇಶಿಸಿ ಹೇಳುತ್ತಿತ್ತು. ಬಂಡವಾಳದ ಟೀವಿಗೆ ನಾವು ಲೆಕ್ಕಕ್ಕೇ ಇಲ್ಲ. ಸಾಬೂನು ಕೊಳ್ಳುವಾಗ ಮಾತ್ರ ಇದ್ದೇವೆ.

ಇನ್ನು ಇತ್ತೀಚಿನ ಚರಿತ್ರೆ. 2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿ ನೋಟು ರದ್ದು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಶೇಕಡ 86 ಒಂದೇ ಏಟಿಗೆ ಕಾಗದವಾಯಿತು. ಹೊಸ 2,000ದ ನೋಟಿನೊಳಗೆ ಚಿಪ್ ಇದೆ, ನೆಲದಡಿ ಹೂತರೂ ಉಪಗ್ರಹ ಹಿಡಿಯುತ್ತದೆ ಎಂದು ಚಾನೆಲ್ಲುಗಳು ಸಾರಿದವು. ರಿಸರ್ವ್ ಬ್ಯಾಂಕ್ ಇಲ್ಲ ಅಂದಿತು. ಕಪ್ಪುಹಣ ಸುಟ್ಟು ಬೂದಿಯಾಗುತ್ತದೆ ಎಂದರು. 2018ರಲ್ಲಿ ಅದೇ ಬ್ಯಾಂಕಿನ ವರದಿ, ರದ್ದಾದ ನೋಟಿನಲ್ಲಿ ಶೇಕಡ 99.3 ವಾಪಸು ಬಂದಿದೆ ಎಂದಿತು. 2023ರ ಮೇ ತಿಂಗಳಲ್ಲಿ ಆ 2,000ದ ನೋಟನ್ನೇ ಚಲಾವಣೆಯಿಂದ ಹಿಂತೆಗೆದುಕೊಂಡರು. ಸಾಲಿನಲ್ಲಿ ನಿಂತು ಕೂಲಿ ಕಳಕೊಂಡವರ ದಿನಗಳನ್ನು ಮಾತ್ರ ಯಾವ ಬ್ಯಾಂಕೂ ವಾಪಸು ಕೊಡಲಿಲ್ಲ. ಚಿಪ್ಪಿನ ಕತೆ ಹೇಳಿದ ಬಾಯಿಗಳು ಮಾರನೇ ದಿನ ಬೇರೆ ಕತೆ ಹೇಳಿದವು, ಅಷ್ಟೆ.

2017-18ರ ಸಮೀಕ್ಷೆಯಲ್ಲಿ ನಿರುದ್ಯೋಗ ಶೇಕಡ 6.1 ಎಂದು ಬಂತು. ನಾಲ್ಕೂವರೆ ದಶಕದಲ್ಲಿ ಇಲ್ಲದಷ್ಟು. ವರದಿ ತಡೆದು ಕೂತಿದ್ದಾರೆಂದು ಅಂಕಿಸಂಖ್ಯಾ ಆಯೋಗದ ಇಬ್ಬರು 2019ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಒಂದು ಪತ್ರಿಕೆ ಅದನ್ನು ಹೊರಗೆ ಹಾಕಿತು. ಸರ್ಕಾರ ಅಧಿಕೃತವಾಗಿ ಬಿಡುಗಡೆ ಮಾಡಿದ್ದು ಮೇ 31ಕ್ಕೆ, ಚುನಾವಣೆ ಗೆದ್ದು ಪ್ರಮಾಣ ವಚನ ತಗೊಂಡ ಮಾರನೇ ದಿನ. ಅದೇ ವರ್ಷ ನವೆಂಬರಿನಲ್ಲಿ ಜನ ಉಣ್ಣುವುದು ಉಡುವುದನ್ನು ಅಳೆಯುವ ಸಮೀಕ್ಷೆಯನ್ನೂ ತಡೆದರು. ಸೋರಿದ ವರದಿ ಹಳ್ಳಿಗರ ಖರ್ಚು ಶೇಕಡ 8.8 ಇಳಿದಿದೆ ಎನ್ನುತ್ತಿತ್ತು. ಖರ್ಚು ಇಳಿಯಿತು ಎಂದರೆ ಏನು? ತಟ್ಟೆಯಲ್ಲಿ ಸಾರು ನೀರಾಯಿತು ಎಂದರ್ಥ. ಇದು ಯಾವ ಅವ್ವನಿಗೂ ಹೊಸ ಸುದ್ದಿಯಲ್ಲ.

2019ರ ನವೆಂಬರ್ 27ರಂದು ಅರ್ಥಮಂತ್ರಿಗಳು ರಾಜ್ಯಸಭೆಯಲ್ಲಿ, ಬೆಳವಣಿಗೆ ನಿಧಾನವಾಗಿರಬಹುದು, ಇದು ಹಿಂಜರಿತವಲ್ಲ, ಎಂದೂ ಆಗುವುದಿಲ್ಲ ಎಂದು ಹೇಳಿದರು. ಸರಿಯಾಗಿ ಒಂದು ವರ್ಷ. 2020ರ ನವೆಂಬರ್ 27ಕ್ಕೆ ಸರ್ಕಾರದ್ದೇ ಅಂಕಿ ಬಂತು: ಸತತ ಎರಡನೇ ತ್ರೈಮಾಸಿಕದಲ್ಲೂ ಉತ್ಪನ್ನ ಕುಗ್ಗಿದೆ, ದೇಶ ಹಿಂಜರಿತಕ್ಕೆ ಬಿದ್ದಿದೆ. ಕೊರೋನಾ ಬರುತ್ತದೆಂದು ಯಾರಿಗೂ ಕನಸು ಬಿದ್ದಿರಲಿಲ್ಲ, ನ್ಯಾಯ. ಆದರೆ ಬಿದ್ದದ್ದನ್ನು ಹೇಳಬೇಕಾದವರು ಏನು ಹೇಳುತ್ತಿದ್ದರು? ಅದಕ್ಕೆ ಮುಂಚೆ, ಆಗಸ್ಟ್ 31ಕ್ಕೆ, ಏಪ್ರಿಲ್‌ನಿಂದ ಜೂನ್‌ವರೆಗೆ ಜಿಡಿಪಿ ಶೇಕಡ 23.9 ಕುಸಿದಿದೆ ಎಂಬ ಮೊದಲ ಅಂದಾಜು ಹೊರಬಿದ್ದಾಗ ದೊಡ್ಡ ದೊಡ್ಡ ಚಾನೆಲ್ಲುಗಳು ಒಬ್ಬ ಹಿಂದಿ ನಟನ ಸಾವಿನ ಸುತ್ತ ಗಿರಕಿ ಹೊಡೆಯುತ್ತಿದ್ದವು. ಒಂದು ಹೆಣ್ಣಿನ ಬೆನ್ನು ಹತ್ತಿ ಕಾರಿನ ಕಿಟಕಿಗೆ ಮೈಕು ತುರುಕುತ್ತಿದ್ದವು.

ಆ 23.9ರ ಒಳಗೆ ಇನ್ನೊಂದು ಅಂಕಿ ಇತ್ತು. ಕಟ್ಟಡ ಕೆಲಸ ಶೇಕಡ 50.3 ಕುಸಿದಿತ್ತು. ಅರ್ಧಕ್ಕರ್ಧ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬೆಂಗಳೂರಿಗೆ ಗುಳೆ ಬಂದು ಗಾರೆ ಹೊತ್ತವರು ಅವರೇ. ಬಿಹಾರ, ಒಡಿಶಾದಿಂದ ಬಂದವರೂ ಅವರೇ. ಮೇ ತಿಂಗಳಲ್ಲಿ ಕಟ್ಟಡದ ಧಣಿಗಳ ಜೊತೆ ಸಭೆ ನಡೆದ ಬೆನ್ನಿಗೇ ರಾಜ್ಯ ಸರ್ಕಾರ ಕೂಲಿಕಾರರ ರೈಲು ರದ್ದು ಮಾಡಿತು. ಜನ ಉಗಿದ ಮೇಲೆ ಮತ್ತೆ ಬಿಟ್ಟಿತು. ಆಳು ಊರಿಗೆ ಹೋದರೆ ಕೆಲಸ ನಿಲ್ಲುತ್ತದೆ, ಅವನನ್ನು ಹಿಡಿದಿಡಬೇಕು ಎಂಬ ಈ ಬುದ್ಧಿ ನಮಗೆ ಗೊತ್ತಿರುವುದೇ. 1976ರಲ್ಲಿ ರದ್ದಾದದ್ದು ಇದೇ ಅಲ್ಲವೆ? ದಾರಿಯಲ್ಲಿ ಸತ್ತ ವಲಸೆ ಕೂಲಿಕಾರರ ಲೆಕ್ಕ ಕೇಳಿದರೆ ಕೇಂದ್ರ ಸರ್ಕಾರ ಸೆಪ್ಟೆಂಬರಿನಲ್ಲಿ ಲೋಕಸಭೆಗೆ ಲೆಕ್ಕವೇ ಇಲ್ಲ ಅಂದಿತು. ಆದರೆ ಷೇರಿನ ಲೆಕ್ಕ ಪೈಸೆ ಪೈಸೆಗೂ ಇತ್ತು. 2020-21ರಲ್ಲಿ ದೇಶದ ಉತ್ಪನ್ನ ಕುಗ್ಗಿತು. 11 ಕೋಟಿಗೂ ಹೆಚ್ಚು ಜನ ಉದ್ಯೋಗ ಖಾತ್ರಿಯ ಮಣ್ಣು ಹೊತ್ತರು. ಅದೇ ವರ್ಷದ ಒಳಗೆ, 2021ರ ಜನವರಿ 21ಕ್ಕೆ, ಮುಂಬಯಿ ಸೂಚ್ಯಂಕ 50 ಸಾವಿರ ಮುಟ್ಟಿತು. ಪರದೆಯ ಮೇಲೆ ಹಬ್ಬ.

ಹಿಂಜರಿತ ಎಂಬ ಪದವನ್ನೇ ನೋಡಿ. ಎರಡು ತ್ರೈಮಾಸಿಕ ಕುಗ್ಗಿದರೆ ಹಿಂಜರಿತ ಎಂಬುದು ವಾಡಿಕೆ. ಅಂದರೆ ಆರು ತಿಂಗಳು ಕಾಯಬೇಕು. ದಿನಗೂಲಿಯವನಿಗೆ ಒಂದು ದಿನ ಸಾಕು. ಅಡ್ಡೆಯಲ್ಲಿ ನಿಂತು ಹತ್ತು ಗಂಟೆಯಾದರೂ ಯಾರೂ ಕರೆಯದಿದ್ದರೆ ಅವನಿಗೆ ಗೊತ್ತಾಗಿಹೋಯಿತು. ಇನ್ನೂ ಒಂದಿದೆ. ಆ ವರ್ಷಗಳ ತ್ರೈಮಾಸಿಕ ಅಂದಾಜಿನಲ್ಲಿ ಅಸಂಘಟಿತ ವಲಯವನ್ನು ನೇರವಾಗಿ ಅಳೆಯುತ್ತಿರಲಿಲ್ಲ. ಬಹುಪಾಲು ಸಂಘಟಿತ ಕಂಪನಿಗಳ ಲೆಕ್ಕ ಹಿಡಿದು ಇವರದೂ ಇಷ್ಟಿರಬೇಕು ಎಂದು ಊಹಿಸುತ್ತಿದ್ದರು. ಗೌಡನ ಮನೆ ಒಲೆಯ ಹೊಗೆ ನೋಡಿ ಕೇರಿಯವರು ಉಂಡಿದ್ದಾರೆ ಎಂದು ಬರೆದುಕೊಂಡ ಹಾಗೆ. ಹಾಗಾದರೆ 'ಆ ಲೆಕ್ಕದಾಗೆ ನಾವಿಲ್ಲ' ಎಂದ ನಮ್ಮ ಜನ ಅಜ್ಞಾನಿಗಳೋ, ಅರ್ಥಶಾಸ್ತ್ರಜ್ಞರೋ? ನೀವೇ ಹೇಳಿ.

ಈಗ ಸಾರಿಸುವವರು ಯಾರು? 2014ರಲ್ಲಿ ನೆಟ್‌ವರ್ಕ್ 18 ರಿಲಯನ್ಸ್ ಕೈಗೆ ಹೋಯಿತು. 2022ರ ಕೊನೆಗೆ ಎನ್‌ಡಿಟಿವಿ ಅದಾನಿ ಕೈಗೆ ಹೋಯಿತು. ಬಂದರು, ವಿದ್ಯುತ್ತು, ಎಣ್ಣೆ ಯಾರದೋ ಅವುಗಳ ಸುದ್ದಿಯೂ ಅವರದೇ. ಸಾರುವವರು ಯಾರು? ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿಯವರು 2019ರಲ್ಲಿ ಮಾಡಿದ ಅಧ್ಯಯನ ನೋಡಿದ 121 ಮುಖ್ಯ ಹುದ್ದೆಗಳಲ್ಲಿ 106 ಮೇಲ್ಜಾತಿಯವರದು. ದಲಿತರು ಸೊನ್ನೆ. ಆದಿವಾಸಿಗಳು ಸೊನ್ನೆ. ಆವತ್ತು ಮಾತು ಅವರದಾದರೂ ತಮಟೆ ನಮ್ಮ ಕೈಲಿತ್ತು. ಈಗ ತಮಟೆಯನ್ನೂ ಕಿತ್ತುಕೊಂಡಿದ್ದಾರೆ. ಯಾರು ನೋಡುತ್ತಾರೆಂದು ಅಳೆಯುವ ಮೀಟರು 2020ರಲ್ಲಿ ಇಡೀ ದೇಶಕ್ಕೆ ಸುಮಾರು 44 ಸಾವಿರ ಮನೆಗಳಲ್ಲಿತ್ತು. ಅದರಲ್ಲೂ ಮೋಸ ಎಂಬ ದೂರು ಬಂದು ಆ ಅಕ್ಟೋಬರಿನಿಂದ 2022ರ ಮಾರ್ಚ್‌ವರೆಗೆ ಸುದ್ದಿ ಚಾನೆಲ್ಲುಗಳ ವಾರದ ರೇಟಿಂಗನ್ನೇ ನಿಲ್ಲಿಸಬೇಕಾಯಿತು.

ಇಷ್ಟು ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ ಗೆಳೆಯರೆ. ನಂಬದೇ ಇರುವುದು ಅರ್ಧ ದಾರಿ ಮಾತ್ರ. ಯಾವುದನ್ನೂ ನಂಬದವನು ಕೊನೆಗೆ ಫೋನಿನಲ್ಲಿ ಬಂದ ಯಾವುದನ್ನಾದರೂ ನಂಬುತ್ತಾನೆ. ಎಲ್ಲಾ ಸುಳ್ಳೇ ಬಿಡು ಎಂದು ಜನ ಚಾಪೆ ಹಾಸಿ ಮಲಗಿದರೆ ಅದಕ್ಕಿಂತ ಸುಖ ಆಳುವವರಿಗೆ ಇನ್ನೊಂದಿಲ್ಲ. ತಡೆದಿಟ್ಟ ಆ ನಿರುದ್ಯೋಗದ ಅಂಕಿ ನಮ್ಮದು. ಸಮೀಕ್ಷೆಯವರು ಮನೆ ಮನೆಗೆ ಹೋಗಿ ಬರೆದುಕೊಂಡದ್ದು ನಮ್ಮ ಬಾಯಿಂದ. ಅದನ್ನು ಅವರು ಬಚ್ಚಿಟ್ಟದ್ದು ಅದರಲ್ಲಿ ನಿಜ ಇದ್ದದ್ದಕ್ಕೆ. ಅಂಕಿಯನ್ನೇ ಬಿಟ್ಟುಕೊಟ್ಟರೆ ಸಾಕ್ಷಿಯನ್ನೇ ಬಿಟ್ಟುಕೊಟ್ಟಂತೆ.

ಬಾಬಾಸಾಹೇಬರು ಇದನ್ನು ನೂರು ವರ್ಷದ ಹಿಂದೆಯೇ ಕಂಡಿದ್ದರು. ಬೇರೆಯವರ ಪತ್ರಿಕೆಯಲ್ಲಿ ನಮ್ಮ ಬಾಯಿಗೆ ಜಾಗವಿಲ್ಲ ಎಂದು 1920ರ ಜನವರಿ 31ಕ್ಕೆ 'ಮೂಕನಾಯಕ' ತಂದರು. ಅಷ್ಟಕ್ಕೇ ನಿಲ್ಲಲಿಲ್ಲ. 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಪುಸ್ತಕ ಬರೆದರು. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷಿ ಹೇಳಿದರು. ರೂಪಾಯಿ ಬೆಲೆ ಇಳಿದು ಪದಾರ್ಥದ ಬೆಲೆ ಏರಿದರೆ ಕೂಲಿ ಅಷ್ಟೇ ಬೇಗ ಏರುವುದಿಲ್ಲ, ವ್ಯಾಪಾರಿಯ ಲಾಭ ಕೂಲಿಯವನ ನಷ್ಟದಿಂದ ಬರುತ್ತದೆ ಎಂಬುದು ಅವರ ವಾದ. ಕೇರಿಯ ಅವ್ವನ ಮಾತನ್ನೇ ಅವರು ಲಂಡನ್ನಿನ ಭಾಷೆಯಲ್ಲಿ ಹೇಳಿದರು. ಡಿಗ್ರಿಯಲ್ಲಿ ಅರ್ಥಶಾಸ್ತ್ರ ಓದಿದ ನಮಗೆ ಈ ಪುಸ್ತಕದ ಹೆಸರನ್ನು ಯಾವ ಮೇಷ್ಟ್ರೂ ಹೇಳಲಿಲ್ಲ. ಸಂಘದ ಗೆಳೆಯರು ಹೇಳಿದರು.

1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಕೂಲಿಕಾರರ ಸಂಘಟನೆ ಸರ್ಕಾರಿ ಕಾಮಗಾರಿಯ ಹಾಜರಿ ಪಟ್ಟಿಯನ್ನು ಜನರ ಮುಂದೆ ಗಟ್ಟಿಯಾಗಿ ಓದಿಸಿತು. ಕೆಲಸಕ್ಕೇ ಹೋಗದವರ ಹೆಸರುಗಳು ಹೊರಬಿದ್ದವು. ನಮ್ಮ ದುಡ್ಡು, ನಮ್ಮ ಲೆಕ್ಕ ಎಂಬ ಘೋಷಣೆ ಆ ಚಳವಳಿಯದು. 2005ರ ಮಾಹಿತಿ ಹಕ್ಕು ಕಾಯಿದೆಯ ಬೇರು ಅಲ್ಲಿದೆ. 2020ರ ನವೆಂಬರಿನಲ್ಲಿ, ಹಿಂಜರಿತದ ಅಂಕಿ ಹೊರಬಿದ್ದ ಆ ದಿನಗಳಲ್ಲೇ, ದಿಲ್ಲಿ ಗಡಿಗೆ ಬಂದ ರೈತರು ದೊರೆಯ ತೊಡೆ ಮೇಲೆ ಕೂತ ಚಾನೆಲ್ಲುಗಳಿಗೆ ಪ್ರವೇಶವಿಲ್ಲ ಅಂದರು. ಅಂದು ಸುಮ್ಮನಾಗಲಿಲ್ಲ, ಡಿಸೆಂಬರ್ 18ಕ್ಕೆ 'ಟ್ರಾಲಿ ಟೈಮ್ಸ್' ಎಂಬ ತಮ್ಮದೇ ಹಾಳೆ ಅಚ್ಚು ಹಾಕಿದರು.

ನಾವೂ ಶುರು ಮಾಡೋಣ. ಕೇರಿಗೊಂದು ನೋಟ್‌ಬುಕ್ಕು ಸಾಕು. ಈ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು, ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು, ಬೇಳೆಗೆ ಎಷ್ಟು, ಗ್ಯಾಸಿಗೆ ಎಷ್ಟು, ಮೈಕ್ರೋ ಫೈನಾನ್ಸಿನ ವಾರದ ಕಂತು ಎಷ್ಟು. ಆ ಕಂತು ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರವೇ ಸುಗ್ರೀವಾಜ್ಞೆ ತರಬೇಕಾಯಿತು ಎಂಬುದನ್ನು ಮರೆಯಬೇಡಿ. ಕಾಲೇಜು ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರು ಬರೆದುಕೊಳ್ಳಲಿ. ತಿಂಗಳ ಕೊನೆಗೆ ಅಂಬೇಡ್ಕರ್ ಭವನದ ಜಗಲಿಯಲ್ಲಿ ಗಟ್ಟಿಯಾಗಿ ಓದಲಿ. ಗ್ರಾಮಸಭೆಗೆ ಅದನ್ನೇ ಹಿಡಿದು ಹೋಗೋಣ. ತಮಟೆ ಇನ್ನೂ ಗೂಟಕ್ಕೆ ನೇತಾಡುತ್ತಿದೆ. ಇನ್ನು ಮುಂದೆ ಸಾರುವ ಮಾತೂ ನಮ್ಮದೇ ಆಗಲಿ.